ಮಲಗೋವಾದ ಮೊಮ್ಮಕ್ಕಳ ಊರಿಂದ

ಹೋಮ್‌ಸ್ಟೆಡ್, ಫ್ಲಾರಿಡಾ
ಜುಲೈ 14

ಪ್ರೀತಿಯ ಅಣ್ಣ,

ಇಲ್ಲಿ ಮಗಳು, ಅಳಿಯ, ಪುಟ್ಟ ಎಲ್ಲರೂ ಆರಾಮಾಗಿದ್ದಾರೆ. ಅಲ್ಲಿ ಮಳೆ ಹೇಗಿದೆ? ಅಡಿಕೆಗೆ ಮೊದಲ ಸುತ್ತಿನ ಔಷಧಿ ಹೊಡೆದಾಯಿತೇ? ಆಯಿಯ ಮಂಡಿನೋವು ಈ ಥಂಡಿಗೆ ಹೆಚ್ಚಾಗಿಲ್ಲ ತಾನೇ? ಫೋನಿನಲ್ಲಿ ವಾರಕ್ಕೆರಡು ಸಲ ಮಾತಾಡುತ್ತೇವಾದರೂ ಅರ್ಧಕ್ಕೇ ಕಟ್ಟಾಗುತ್ತದೆ. ಈಗ ಹೇಳಹೊರಟಿರುವುದು ಅರ್ಧಕ್ಕೆ ನಿಲ್ಲುವಂಥದ್ದಲ್ಲ, ಅದಕ್ಕೇ ಕಾಗದ ಹಿಡಿದು ಕೂತೆ.

ಅಮೆರಿಕ ಎಂದರೆ ಹಿಮ, ಕೋಟು, ಬೋಳು ಮರ ಎಂದುಕೊಂಡಿದ್ದೆವಲ್ಲ, ಇಲ್ಲಿ ಅದೇನೂ ಇಲ್ಲ. ಮಯಾಮಿ ನಗರದಿಂದ ದಕ್ಷಿಣಕ್ಕೆ ಬಂದರೆ ರೆಡ್‌ಲ್ಯಾಂಡ್ ಎಂಬ ಕಡೆ ಬೇಲಿಯಾಚೆಗೆಲ್ಲ ಹಲಸು, ಮಾವು, ಚಿಕ್ಕು, ಧಾರೆಹುಳಿ. ಬಂದ ಎರಡನೇ ದಿನ ಮಗಳ ಪಕ್ಕದ ಮನೆಯ ಹಿತ್ತಲಲ್ಲಿ ಬುಡದಿಂದಲೇ ಕಾಯಿ ಕಚ್ಚಿದ ಹಲಸಿನ ಮರ ಕಂಡು ಅಲ್ಲೇ ನಿಂತುಬಿಟ್ಟೆ. ಆ ಮನೆಯವರು ಕ್ಯೂಬಾದಿಂದ ಬಂದ ಒಬ್ಬ ಅಜ್ಜ. ಅವರಿಗೆ ಸ್ಪ್ಯಾನಿಷ್, ನನಗೆ ಕನ್ನಡ, ನಡುವೆ ಮಗಳು. ಗಟ್ಟಿ ತೊಳೆಯ ಬಕ್ಕೆಯೋ ಮೆತ್ತನೆಯ ಅಂಬಲಿಯೋ ಎಂದು ಕೇಳಬೇಕಿತ್ತು, ಅದನ್ನು ಮಗಳು ಯಾವ ಭಾಷೆಯಲ್ಲಿ ಹೇಳಿಯಾಳು? ಕೊನೆಗೆ ಅಜ್ಜ ಒಂದು ತೊಳೆ ಕೈಗಿಟ್ಟರು. ಬಕ್ಕೆ. ಗಟ್ಟಿ, ಸಿಹಿ. ನಮ್ಮನೆ ಕೆರೆ ಏರಿಯ ಮರದ ಹಣ್ಣಿಗೆ ಸಮನಲ್ಲ, ಆದರೂ ಒಳ್ಳೆಯ ಹಣ್ಣು.

ಇಲ್ಲಿನ ನೆಲದ ವಿಷಯ ನಿನಗೆ ಹೇಳಲೇಬೇಕು. ಮಣ್ಣೇ ಇಲ್ಲ, ಅಣ್ಣ! ನಾಲ್ಕು ಬೆರಳು ಪುಡಿಮಣ್ಣು, ಅದರ ಕೆಳಗೆಲ್ಲ ಬಿಳಿ ಸುಣ್ಣದ ಕಲ್ಲು. ಗುದ್ದಲಿ ಹಾಕಿದರೆ ಠಣ್ಣೆನ್ನುತ್ತದೆ. ಒಂದು ಗಿಡ ನೆಡಬೇಕೆಂದರೆ ಯಂತ್ರ ತಂದು ಕಲ್ಲು ಒಡೆಸಿ ಗುಂಡಿ ಮಾಡಿಸಬೇಕು. ನಮ್ಮ ಹುಳಿಮಣ್ಣಿಗೆ ನಾವು ಸುಣ್ಣ ಕೊಂಡು ಹಾಕುತ್ತೇವೆ. ಇವರದ್ದು ಸುಣ್ಣದಲ್ಲೇ ಬೇರು ಬಿಡಿಸುವ ಕಷ್ಟ. ಸುಣ್ಣ ಹೆಚ್ಚಾದರೆ ಗಿಡಕ್ಕೆ ಕಬ್ಬಿಣದ ಅಂಶ ಸಿಕ್ಕುವುದಿಲ್ಲ, ಎಳೆ ಎಲೆ ಹಳದಿಯಾಗಿ ನರ ಮಾತ್ರ ಹಸಿರಾಗಿ ನಿಲ್ಲುತ್ತದೆ. ಅದಕ್ಕೆ ಐರನ್ ಚಿಲೇಟ್ ಎಂಬ ಪುಡಿಯನ್ನು ನೀರಿನಲ್ಲಿ ಕರಗಿಸಿ ಬುಡಕ್ಕೆ ಹುಯ್ಯುತ್ತಾರೆ. ಬುಡಕ್ಕೆ ಮರದ ಚಕ್ಕೆ ಹರಡುತ್ತಾರೆ, ನಾವು ಸೊಪ್ಪು ಹಾಸಿದ ಹಾಗೆ. ಚಳಿಗಾಲದಲ್ಲಿ ಒಂದೊಂದು ರಾತ್ರಿ ಮಂಜುಗಟ್ಟುವಷ್ಟು ಥಂಡಿ ಬರುತ್ತದಂತೆ. ಆಗ ರಾತ್ರಿಯಿಡೀ ಗಿಡಗಳಿಗೆ ನೀರು ಹಾರಿಸುತ್ತ ಎಚ್ಚರ ಕೂರುತ್ತಾರೆ. ನಾನು ಕಂಡಂತೆ ಹಿತ್ತಲಲ್ಲಿ ಇಷ್ಟೆಲ್ಲ ಮಾಡುವವರು ತೋಟದವರಲ್ಲ. ಒಬ್ಬಾಕೆ ನರ್ಸು, ಒಬ್ಬ ಶಾಲೆಯ ಬಸ್ಸಿನ ಡ್ರೈವರು, ಉಳಿದವರಲ್ಲಿ ಹೆಚ್ಚಿನವರು ಪಿಂಚಣಿದಾರರು. ಮಾರಿ ಬದುಕಬೇಕಾದ ಗರಜು ಯಾರಿಗೂ ಇಲ್ಲ.

ಕ್ಯೂಬಾದ ಅಜ್ಜನಿಗೆ ಜೀವವೆಂದರೆ ಮಮೆ ಎಂಬ ಹಣ್ಣು. ನಮ್ಮ ಚಿಕ್ಕುವಿನ ಬಳಗದ್ದು. ಹೊರಗೆ ಒರಟು ಕಂದು ಸಿಪ್ಪೆ, ಒಳಗೆ ಇಟ್ಟಿಗೆಯ ಕೆಂಪು ತಿರುಳು. ಬಾಯಲ್ಲಿಟ್ಟರೆ ಬೇಯಿಸಿದ ಗೆಣಸಿಗೆ ಬೆಲ್ಲ, ಬಾದಾಮಿ ಹಾಕಿ ಕಲಸಿದ ಹಾಗೆ. ಹೂವಾಗಿ ಹಣ್ಣಾಗಲು ಒಂದು ವರ್ಷಕ್ಕೂ ಮೇಲೆ ಬೇಕು. ಹಾಗಾಗಿ ಒಂದೇ ಮರದಲ್ಲಿ ಹೂವು, ಹೀಚು, ಬಲಿತ ಕಾಯಿ ಒಟ್ಟಿಗೇ ಇರುತ್ತವೆ. ಯಾವುದನ್ನು ಕೊಯ್ಯಬೇಕು ಎಂದು ತಿಳಿಯಲು ಅಜ್ಜ ಸಿಪ್ಪೆಯನ್ನು ಉಗುರಿನಿಂದ ತುಸು ಕೆರೆದು ತೋರಿಸಿದರು. ಹಸಿರು ಕಂಡರೆ ಬಿಡು, ಕೆಂಪು ಕಂಡರೆ ಕೊಯ್ಯಿ. ಊರು ಬಿಟ್ಟು ಬರುವಾಗ ಅವರು ಏನನ್ನೂ ತರಲಾಗಲಿಲ್ಲವಂತೆ. ಈ ರುಚಿಯನ್ನು ಇಲ್ಲಿ ಬೇರೊಬ್ಬರ ಹಿತ್ತಲಿಂದ ಕಸಿ ಕಡ್ಡಿ ಬೇಡಿ ಮರಳಿ ಪಡೆದದ್ದು.

ಆದರೆ ನಾನು ಹೇಳಹೊರಟದ್ದು ಮಾವಿನ ಕಥೆ. ಇದನ್ನು ಕೇಳಿದ ದಿನ ನನಗೆ ರಾತ್ರಿ ನಿದ್ದೆ ಹತ್ತಲಿಲ್ಲ.

1889ರಲ್ಲಿ ಅಮೆರಿಕದ ಕೃಷಿ ಇಲಾಖೆ ನಮ್ಮ ದೇಶದಿಂದ ಮಾವಿನ ಕಸಿ ಗಿಡಗಳನ್ನು ಹಡಗಿನಲ್ಲಿ ತರಿಸಿ ಫ್ಲಾರಿಡಾದ ಕೆಲವರಿಗೆ ಹಂಚಿತ್ತು. ಎಲ್ಬ್ರಿಡ್ಜ್ ಗೇಲ್ ಎಂಬ ನಿವೃತ್ತ ಪ್ರಾಧ್ಯಾಪಕರ ಅಂಗಳದಲ್ಲಿ ಒಂದು ಉಳಿಯಿತು. 1894-95ರ ಚಳಿಗಾಲದಲ್ಲಿ ಫ್ಲಾರಿಡಾದ ಕಿತ್ತಳೆ ತೋಟಗಳೇ ಹೆಪ್ಪುಗಟ್ಟಿ ಸತ್ತವು, ಆ ಮಾವು ಮಾತ್ರ ಬದುಕಿಕೊಂಡಿತು. ಅದರ ಹೆಸರು ಮಲ್ಗೋಬಾ. ಹೌದು, ನಮ್ಮ ಮಲಗೋವಾದ ಹೆಸರೇ ಸಮುದ್ರ ದಾಟಿ ಹಾಗಾದದ್ದು. ಗೇಲ್ ಅವರಿಂದ ಅದರ ಓಟೆಗಳನ್ನು ಪಡೆದು ಜಾನ್ ಹೇಡನ್ ಎಂಬ ನಿವೃತ್ತ ಸೇನಾಧಿಕಾರಿ 1902ರಲ್ಲಿ ಕೋಕನಟ್ ಗ್ರೋವ್ ಎಂಬಲ್ಲಿ ನೆಟ್ಟರು. ಮರುವರ್ಷವೇ ತೀರಿಕೊಂಡರು. ಗಿಡಗಳನ್ನು ಸಾಕಿದ್ದು ಅವರ ಹೆಂಡತಿ ಫ್ಲಾರೆನ್ಸ್. 1910ರಲ್ಲಿ ಒಂದು ಗಿಡ ಕೆಂಪು-ಹಳದಿಯ ದೊಡ್ಡ ಹಣ್ಣು ಬಿಟ್ಟಿತು. ಅದೇ ಹೇಡನ್ ಮಾವು. ಇಂದು ಲೋಕದ ಅಂಗಡಿಗಳಲ್ಲೆಲ್ಲ ಮಾರಾಟವಾಗುವ ಟಾಮಿ ಅಟ್ಕಿನ್ಸ್, ಕೆಂಟ್ ಎರಡೂ ಹೇಡನ್ ಸಂತಾನ. ನೆಟ್ಟವರು ಒಂದು ಹೋಳನ್ನೂ ತಿನ್ನಲಿಲ್ಲ, ಹಣ್ಣಿಗೆ ಮಾತ್ರ ಅವರ ಹೆಸರು ನಿಂತಿತು. ನಮ್ಮ ಶಿರಸಿ ಕಡೆಯ ಅನಂತಭಟ್ಟನ ಅಪ್ಪೆ ಎಂಬ ಮಿಡಿಮಾವು ನೆನಪಾಯಿತು. ಅನಂತಭಟ್ಟರನ್ನು ನೋಡಿದವರು ಯಾರೂ ಈಗಿಲ್ಲ, ಹೆಸರು ಪ್ರತಿ ಮನೆಯ ಉಪ್ಪಿನಕಾಯಿ ಭರಣಿಯಲ್ಲಿದೆ.

ಟಾಮಿ ಅಟ್ಕಿನ್ಸ್ ಬಗ್ಗೆ ಇನ್ನೊಂದು ಮಾತು. 1950ರ ದಶಕದಲ್ಲಿ ಇಲ್ಲಿನ ಮಾವು ಬೆಳೆಗಾರರ ಕೂಟದ ಮುಂದೆ ಅದನ್ನು ಇಟ್ಟಾಗ ನಾರು ಹೆಚ್ಚು, ರುಚಿ ಸಾಲದು ಎಂದು ತಳ್ಳಿಹಾಕಿದ್ದರಂತೆ. ಬಣ್ಣ ಚಂದ, ಪೆಟ್ಟಿಗೆಯಲ್ಲಿ ಬೇಗ ಕೆಡದು ಎಂದು ವ್ಯಾಪಾರ ಅದನ್ನೇ ಎತ್ತಿಕೊಂಡಿತು. ತಿಂದು ನೋಡಿದೆ, ತಳ್ಳಿಹಾಕಿದವರದೇ ಸರಿ. ಇಲ್ಲಿ ಹಿತ್ತಲುಗಳಲ್ಲಿ ಮನೆಯವರು ಬೆಳೆಯುವ ಮಾವು ಬೇರೆಯೇ. ಒಂದರಲ್ಲಿ ತೆಂಗಿನ ಹಾಲಿನ ಘಮ, ಒಂದರಲ್ಲಿ ನಿಂಬೆ. ಅವು ಅಂಗಡಿಗೆ ಬರುವುದಿಲ್ಲ, ಕಡ್ಡಿಯಾಗಿ ಕೈಯಿಂದ ಕೈಗೆ ಹೋಗುತ್ತವೆ.

ಹಾಗೆ ಕೈ ಬದಲಾಗುವುದನ್ನು ಕಳೆದ ಭಾನುವಾರ ಕಣ್ಣಾರೆ ಕಂಡೆ. ಅಜ್ಜ ಒಬ್ಬರ ಹಿತ್ತಲಿಗೆ ಕರೆದುಕೊಂಡು ಹೋಗಿದ್ದರು. ಉದ್ದದ ಮೇಜು, ಅದರ ತುಂಬ ಹೆಚ್ಚಿದ ಹಣ್ಣು, ಪ್ರತಿ ತಟ್ಟೆಗೂ ಹೆಸರಿನ ಚೀಟಿ. ಮೊದಲು ಎಲ್ಲರೂ ರುಚಿ ನೋಡುತ್ತಾರೆ, ಹುಳಿ ಎಷ್ಟು, ನಾರು ಎಷ್ಟು ಎಂದು ವಾದಿಸುತ್ತಾರೆ. ಆಮೇಲೆ ಚೀಲಗಳು ಬಿಚ್ಚಿಕೊಳ್ಳುತ್ತವೆ. ಒದ್ದೆ ಕಾಗದದಲ್ಲಿ ಸುತ್ತಿ ಪ್ಲಾಸ್ಟಿಕ್ ಕೊಟ್ಟೆಯಲ್ಲಿಟ್ಟ ಕಸಿ ಕಡ್ಡಿಗಳು, ಮೇಲೆ ಹೆಸರು, ಕೊಯ್ದ ತಾರೀಕು. ಕಡ್ಡಿ ಕೊಯ್ಯುವ ಒಂದು ವಾರ ಮೊದಲು ಎಲೆ ಸವರಿ ಕುಡಿ ಉಬ್ಬಿಸುತ್ತಾರೆ, ನೀನು ಮಾಡುವ ಹಾಗೇ. ಕಟ್ಟಲು ಮಾತ್ರ ಮೇಣದಂತೆ ಹಿಗ್ಗುವ ಒಂದು ಪಟ್ಟಿ. ಕುಡಿ ಒಡೆದರೆ ಅದನ್ನು ತೂರಿಕೊಂಡೇ ಬರುತ್ತದೆ, ಬಿಚ್ಚುವ ಕೆಲಸವಿಲ್ಲ. ನಿನಗೆ ಒಂದು ಸುರುಳಿ ತರುತ್ತೇನೆ. ಕಸಿಯ ಬುಡಕ್ಕೆ ಟರ್ಪೆಂಟೈನ್ ಎಂಬ ನಾಟಿ ಮಾವು. ಅದರ ಒಂದು ಓಟೆಯಿಂದ ಮೂರು-ನಾಲ್ಕು ಗಿಡ ಏಳುತ್ತವೆ, ಹೆಚ್ಚಿನವು ತಾಯಿಯ ಹಾಗೇ ಇರುತ್ತವೆ. ನಮ್ಮ ಅಪ್ಪೆಯ ಓಟೆ ಹಾಕಿದರೆ ಎದ್ದ ಗಿಡ ತಾಯಿಯನ್ನು ಹೋಲುವ ಭರವಸೆಯಿಲ್ಲ ಎಂದೆ. ಅದಕ್ಕೇ ಅದರ ಜೀವವೆಲ್ಲ ಕಡ್ಡಿಯಲ್ಲೇ ಎಂದರು ಒಬ್ಬರು.

ಸಣ್ಣ ಕುಂಡದ ಗಿಡಗಳಿಗೆ ಒಂದಿಷ್ಟು ದುಡ್ಡು ಕೊಟ್ಟು ಕೊಂಡವರಿದ್ದರು. ಕಡ್ಡಿಗೆ ಮಾತ್ರ ಯಾರೂ ಬೆಲೆ ಹೇಳಲಿಲ್ಲ. ಈ ಊರಲ್ಲಿ ಇದು ಹಳೆಯ ಪದ್ಧತಿ. 1955ರಲ್ಲೇ ವಿಲಿಯಂ ವಿಟ್ಮನ್ ಎಂಬ ಹಣ್ಣಿನ ಹುಚ್ಚಿನವರು ಮಯಾಮಿಯಲ್ಲಿ ರೇರ್ ಫ್ರೂಟ್ ಕೌನ್ಸಿಲ್ ಎಂಬ ಸಂಘ ಕಟ್ಟಿದರು. ಫೇರ್‌ಚೈಲ್ಡ್ ಸಸ್ಯೋದ್ಯಾನದಲ್ಲಿ ಅವರ ಹೆಸರಿನ ಗಾಜಿನ ಮನೆಯಿದೆ. ನಮ್ಮ ಮುರುಗಲಿನ ಅಕ್ಕನಂಥ ಮ್ಯಾಂಗೋಸ್ಟೀನ್, ದುರಿಯನ್ ಮುಂತಾದ ಚಳಿ ತಾಳದ ಮರಗಳನ್ನು ಅದರೊಳಗೆ ಸಾಕಿದ್ದಾರೆ. ಇಲ್ಲೇ ಹೋಮ್‌ಸ್ಟೆಡ್‌ನಲ್ಲಿ 1944ರಿಂದಲೂ ಇರುವ ಸರ್ಕಾರಿ ಹಣ್ಣಿನ ತೋಟವೂ ಇದೆ, 37 ಎಕರೆ. ಮರದಿಂದ ಕೊಯ್ಯುವಂತಿಲ್ಲ, ಬಿದ್ದದ್ದನ್ನು ಹೆಕ್ಕಿ ಅಲ್ಲೇ ತಿನ್ನಬಹುದು. ಪುಟ್ಟ ಅಲ್ಲಿಂದ ಹೊರಡಲೇ ಒಪ್ಪಲಿಲ್ಲ.

ಕಡ್ಡಿ ಕೊಡುವುದರಲ್ಲಿ ಈ ಹಿತ್ತಲಿನವರಿಗೊಂದು ಕಟ್ಟುನಿಟ್ಟೂ ಇದೆ. ಆ ಮೇಜಿನ ಮೇಲೆ ಲಿಚಿಯ ಒಂದು ಕಡ್ಡಿಯೂ ಇರಲಿಲ್ಲ. ಎಲೆ ಮುರುಟಿಸುವ ಒಂದು ನುಸಿ 2018ರಲ್ಲಿ ಫ್ಲಾರಿಡಾದಲ್ಲಿ ಕಂಡುಬಂದ ಮೇಲೆ ಲಿಚಿ ಗಿಡ ಸಾಗಿಸಲು ನಿರ್ಬಂಧ ಬಂತು. ಬೆಣ್ಣೆಹಣ್ಣಿನ ಮರಗಳನ್ನು ಒಂದು ಪುಟ್ಟ ದುಂಬಿ ಹೊತ್ತು ತರುವ ಶಿಲೀಂಧ್ರ ವಾರಗಳಲ್ಲೇ ಒಣಗಿಸುತ್ತದೆ. ಆ ದುಂಬಿ 2002ರಲ್ಲಿ ಜಾರ್ಜಿಯಾದ ಬಂದರೊಂದರ ಬಳಿ ಮೊದಲು ಸಿಕ್ಕಿದ್ದು. ಹಾಗಾಗಿ ರೋಗದ ಮರದ ಕಡ್ಡಿ ಕೊಟ್ಟವನಿಗೆ ಇಲ್ಲಿ ಮರ್ಯಾದೆಯಿಲ್ಲ.

ಅಂದು ನಾನು ನಮ್ಮ ಹಳ್ಳದ ದಂಡೆಯ ಜೀರಿಗೆ ಅಪ್ಪೆಯ ವಿಷಯ ಹೇಳಿದೆ. ಮುರಿದರೆ ಜೀರಿಗೆಯ ಪರಿಮಳ, ಬೆಂಕಿ ಹಿಡಿದರೆ ಹೊತ್ತಿಕೊಳ್ಳುವ ಸೊನೆ, ಉಪ್ಪಿನಲ್ಲಿ ಹಾಕಿಟ್ಟ ಮಿಡಿ ವರ್ಷಗಟ್ಟಲೆ ಗರಿಗರಿ. ಹಣ್ಣಿಗಲ್ಲ, ಎಳೆ ಮಿಡಿಗಾಗಿಯೇ ಒಂದು ಮಾವೇ ಎಂದು ಅವರಿಗೆಲ್ಲ ಬೆರಗು. ಕ್ಯೂಬಾದ ಅಜ್ಜ ನನ್ನ ಕೈ ಹಿಡಿದು, ಮುಂದಿನ ಸಲ ಬರುವಾಗ ಎರಡೇ ಎರಡು ಕಡ್ಡಿ ತರುತ್ತೀಯಾ ಎಂದು ಕೇಳಿದರು. ಆಗದು ಎಂದೆ. ನಮ್ಮಲ್ಲಿ ಓಟೆ ಕೊರೆಯುವ ಹುಳು ಇದೆ, ನಮ್ಮ ಮಾವಿನ ಹಣ್ಣನ್ನೇ ವಿಕಿರಣ ಹಾಯಿಸಿದ ಮೇಲಷ್ಟೇ 2007ರಿಂದ ಈ ದೇಶ ಒಳಗೆ ಬಿಡುತ್ತಿರುವುದು. ಸೀರೆಯ ಮಡಿಕೆಯಲ್ಲಿ ಕಡ್ಡಿ ತರುವುದು ಇವರ ಮರಗಳಿಗೆ ದ್ರೋಹ. ಅಜ್ಜ ತಲೆದೂಗಿದರು. ಆಮೇಲೆ ಕೇಳಿದರು, ನಿಮ್ಮ ಊರಲ್ಲಿ ಎಷ್ಟು ಮನೆಯಲ್ಲಿ ಆ ಮರ ಇದೆ?

ನಮ್ಮನೆಯಲ್ಲಿ ಒಂದೇ, ಎಂದೆ. ಹೇಳುವಾಗ ನನ್ನ ಗಂಟಲು ಕಟ್ಟಿತು.

ಆಗ ಅವರು ತಮ್ಮ ಕಥೆ ಹೇಳಿದರು. 1992ರ ಆಗಸ್ಟ್ 24ರ ಬೆಳಗಿನ ಜಾವ ಆಂಡ್ರೂ ಎಂಬ ಚಂಡಮಾರುತ ನೇರ ಈ ಊರಿನ ಮೇಲೆಯೇ ಹಾಯ್ದಿತ್ತು. ಬೆಳಕು ಹರಿದಾಗ ಹಿತ್ತಲಲ್ಲಿ ಒಂದು ಮರವೂ ನಿಂತಿರಲಿಲ್ಲ, ಅವರ ಮಮೆಯೂ ಬೇರು ಮೇಲಾಗಿ ಬಿದ್ದಿತ್ತು. ಅದರ ಹಿಂದಿನ ವರ್ಷ ಉತ್ತರದ ಊರಿನ ಗೆಳೆಯನಿಗೆ ಮೂರು ಕಡ್ಡಿ ಕೊಟ್ಟಿದ್ದರು. ಈಗ ಅಂಗಳದಲ್ಲಿರುವುದು ಆ ಗೆಳೆಯನ ಮರದಿಂದ ವಾಪಸು ಬಂದ ಕಡ್ಡಿಯ ಮರ.

ಅಣ್ಣ, ನಮ್ಮ ಅಜ್ಜನಮನೆಯ ಅಪ್ಪೆ ನೆನಪಿದೆಯಾ? ನಾವು ನೋಡಿದವರಲ್ಲ, ಆಯಿಯ ಬಾಯಲ್ಲಿ ಕೇಳಿದ್ದು. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟಿಗೆ ನೀರು ನಿಂತಾಗ ಮನೆ, ಗದ್ದೆ, ತೋಟದ ಜೊತೆ ಅದೂ ಮುಳುಗಡೆಯಾಯಿತು. ಮನೆಗೆ ಬದಲು ಮನೆಯಾಯಿತು, ನೆಲಕ್ಕೆ ಬದಲು ನೆಲ ಸಿಕ್ಕಿತು. ಆ ಮಿಡಿಯ ರುಚಿ ಮತ್ತೆ ಯಾರಿಗೂ ಸಿಗಲಿಲ್ಲ. ಯಾರ ಮನೆಯಲ್ಲೂ ಅದರ ಕಸಿ ಇರಲಿಲ್ಲವಲ್ಲ. ಆಯಿ ಈಗಲೂ ಪ್ರತಿ ವರ್ಷ ಮಿಡಿ ಹಾಕುವಾಗ ಅದನ್ನು ಹೇಳಿ ಕಣ್ಣೊರೆಸಿಕೊಳ್ಳುತ್ತಾಳೆ.

ನೀನು ಕಡ್ಡಿ ಕೊಡುವುದನ್ನು ಯಾಕೆ ನಿಲ್ಲಿಸಿದೆ ಎಂದು ನನಗೆ ಗೊತ್ತಿದೆ. ಹತ್ತು ವರ್ಷದ ಹಿಂದೆ ಪ್ರೀತಿಯ ಮಾತಾಡಿ ಕಟ್ಟು ಕಟ್ಟು ಕಡ್ಡಿ ಒಯ್ದ ನರ್ಸರಿಯವರು ತಮ್ಮದೇ ಹೆಸರಿಟ್ಟು ಗಿಡ ಮಾರಿದರು. ಹೋಗಿ ಕೇಳಿದರೆ ನಿನ್ನನ್ನೇ ಗದರಿಸಿ ಕಳಿಸಿದರು. ಅಂದು ಕಣ್ಣು ಕೆಂಪಾಗಿಸಿಕೊಂಡು ಬಂದು ಜಗಲಿಯಲ್ಲಿ ಕೂತದ್ದನ್ನು ನಾನೇ ನೋಡಿದ್ದೇನೆ. ಅದು ಅನ್ಯಾಯವೇ. ಆದರೆ ಅವರ ಮೇಲಿನ ಸಿಟ್ಟಿಗೆ ಕೆಳಮನೆ ಭಾವನಿಗೂ ಇಲ್ಲವೆಂದೆ, ಶಾಲೆಯ ಮಾಸ್ತರರಿಗೂ ಇಲ್ಲವೆಂದೆ. ಆ ನರ್ಸರಿ ಈಗ ಮುಚ್ಚಿದೆ, ಅಲ್ಲಿಂದ ಹೋದ ಗಿಡ ಯಾರ ಹಿತ್ತಲಲ್ಲಿದೆಯೋ ಹುಡುಕುವ ಹಾಗಿಲ್ಲ. ಮರ ಹಳ್ಳದ ದಂಡೆಯಲ್ಲಿದೆ. ಹೋದ ಮಳೆಗಾಲ ಬೇರಿನ ಮಣ್ಣು ಒಂದು ಮಾರು ಕೊಚ್ಚಿ ಹೋಗಿದೆ ಎಂದು ನೀನೇ ಹೇಳಿದ್ದೆ.

ಈ ಕಾಗದ ನಿನ್ನ ಕೈ ಸೇರುವ ಹೊತ್ತಿಗೆ ಕಸಿ ಕಟ್ಟಲು ಒಳ್ಳೆಯ ಹದ ಇರುತ್ತದೆ. ಇವತ್ತೇ ಹೋಗಿ ಹತ್ತಿಪ್ಪತ್ತು ಕೊಂಬೆಗಳ ಎಲೆ ಸವರಿ ಬಾ. ಹತ್ತು ದಿನ ಬಿಟ್ಟು ಭಾವನನ್ನೂ ಮಾಸ್ತರರನ್ನೂ ಕರೆ. ಮೇಲಿನಕೇರಿಯ ಆ ಹುಡುಗ ಎರಡು ಸಲ ಬಂದು ಬರಿಗೈಲಿ ಹೋದನಲ್ಲ, ಅವನನ್ನೂ ಕರೆ. ಕೊಡುವ ಮೊದಲು ಗಂಟು, ಮಚ್ಚೆ ಇಲ್ಲದ ಕಡ್ಡಿ ಆರಿಸು. ಪ್ರತಿ ಕಟ್ಟಿಗೂ ಚೀಟಿ ಕಟ್ಟು, ಅದರಲ್ಲಿ ನಮ್ಮ ಮನೆಯ ಹೆಸರು ಬರೆ. ಅತ್ತಿಗೆಯ ಅಕ್ಷರ ಚೆನ್ನಾಗಿದೆ, ಅವಳ ಕೈಲೇ ಬರೆಸು. ನಾನು ಆಗಸ್ಟ್ ಕೊನೆಗೆ ಬರುತ್ತೇನೆ, ಬಂದ ಮರುದಿನ ಆ ಮೂರೂ ಮನೆಗೆ ಹೋಗಿ ಕಡ್ಡಿ ಹಿಡಿದಿದೆಯೋ ನೋಡುತ್ತೇನೆ.

ನಿನ್ನ ತಂಗಿ