ಹೆಸರೂ ದನಿಯೂ

ನಮ್ಮ ಮನೆಗೆ ಅಕ್ಷರ ಬರುವುದಕ್ಕೆ ಮೊದಲೇ ಬಾನುಲಿ ಬಂದಿತು. ಪಿರಿಯಾಪಟ್ಟಣ ತಾಲ್ಲೂಕಿನ ಒಂದು ಚಿಕ್ಕ ಊರಿನಲ್ಲಿ ನಮ್ಮದು ಹೊಗೆಸೊಪ್ಪು ಬೆಳೆಯುವ ಕುಟುಂಬ. ತಾತನಿಗೆ ಓದು ಬಾರದು. ಅಪ್ಪ ನಾಲ್ಕನೆಯ ತರಗತಿಗೇ ನಿಲ್ಲಿಸಿದವರು. ಬಿ.ಎ. ತರಗತಿಯ ಬೆಂಚಿನ ಮೇಲೆ ಕುಳಿತವನು ಮನೆತನದಲ್ಲಿ ನಾನೇ ಮೊದಲಿಗ. ಹಾಗೆಂದು ತಾತನನ್ನು ತಿಳಿವಳಿಕೆಯಿಲ್ಲದವರೆಂದು ಕರೆಯಲು ನನಗೆ ಬಾಯಿ ಬಾರದು. ಮಳೆಯ ಮುನ್ಸೂಚನೆ, ಗೊಬ್ಬರದ ಪ್ರಮಾಣ, ಚುನಾವಣೆಯ ಫಲಿತಾಂಶ, ಹರಿಕಥೆ, ನಾಟಕ—ಇವೆಲ್ಲವನ್ನೂ ಅವರು ಕಿವಿಯಿಂದಲೇ ಓದಿದವರು. ಆದುದರಿಂದ ಒಳ್ಳೆಯ ದನಿ ಎಂದರೇನು ಎಂಬ ಪ್ರಶ್ನೆ ನಮ್ಮ ಮನೆಯಲ್ಲಿ ಸಂಗೀತಪ್ರಿಯರ ವಿಲಾಸದ ಪ್ರಶ್ನೆಯಲ್ಲ. ಕನ್ನಡಕ ಸರಿಯಾಗಿದೆಯೇ ಎಂಬಷ್ಟೇ ಅಗತ್ಯವಾದ ಪ್ರಶ್ನೆ.

ತಾತ ಆ ಪೆಟ್ಟಿಗೆಯನ್ನು ಕೊಂಡದ್ದು ೧೯೯೪ರಲ್ಲಿ, ಸೊಪ್ಪಿಗೆ ಒಳ್ಳೆಯ ಬೆಲೆ ಸಿಕ್ಕ ವರ್ಷ. ಬಿಪಿಎಲ್ ಸ್ಯಾನ್ಯೊ ಎಂದು ಮುಖದ ಮೇಲೆ ಬರೆದಿರುವ ಟೂ-ಇನ್-ಒನ್ ಅದು. ರೇಡಿಯೋವೂ ಹೌದು, ಕ್ಯಾಸೆಟ್ ಯಂತ್ರವೂ ಹೌದು. ಎರಡು ಬದಿಗೂ ಅಂಗೈಯಗಲದ ಧ್ವನಿವರ್ಧಕಗಳು. ಬ್ಯಾರನ್‌ನಲ್ಲಿ ಸೊಪ್ಪು ಬೇಯಿಸುವ ದಿನಗಳಲ್ಲಿ ಬೆಂಕಿಯನ್ನು ಹಗಲಿರುಳು ಕಾಯಬೇಕು. ಉರಿ ಹೆಚ್ಚಿದರೂ ಕಷ್ಟ, ತಗ್ಗಿದರೂ ನಷ್ಟ. ಆ ರಾತ್ರಿಗಳಲ್ಲಿ ತಾತನಿಗೆ ಜೊತೆಯಾಗಿದ್ದುದು ಈ ಪೆಟ್ಟಿಗೆ. ಕ್ಯಾಸೆಟ್ಟುಗಳ ಕಾಲ ಮುಗಿದ ಮೇಲೂ ರೇಡಿಯೋ ಭಾಗ ನಡೆಯುತ್ತಲೇ ಇದೆ.

ಕಳೆದ ದೀಪಾವಳಿಗೆ ನನ್ನ ತಮ್ಮ ಹೊಸದೊಂದು ಬ್ಲೂಟೂತ್ ಸ್ಪೀಕರ್ ತಂದನು. ತೆಂಗಿನಕಾಯಿಯಷ್ಟು ಗಾತ್ರ, ಆದರೆ ಅದರ ತಮಟೆಯ ಪೆಟ್ಟು ಪಕ್ಕದ ಮನೆಯವರ ಎದೆಗೂ ತಟ್ಟುವಂತಿತ್ತು. ಅದರಲ್ಲಿ ರೇಡಿಯೋವೂ ಬರುತ್ತದೆ. ಇನ್ನು ಹಳೆಯದೇಕೆ, ಗುಜರಿಯವನಿಗೆ ಕೊಟ್ಟುಬಿಡೋಣವೆಂಬ ಮಾತು ಮನೆಯಲ್ಲಿ ಎದ್ದಿತು. ಅಪ್ಪನೂ ಅದಕ್ಕೆ ಒಪ್ಪಿದರು. ತಾತ ಎರಡು ದಿನ ಹೊಸ ಸ್ಪೀಕರಿನಲ್ಲಿ ವಾರ್ತೆ ಕೇಳಿ, ಮೂರನೆಯ ದಿನ ನನ್ನನ್ನು ಕರೆದು ಹೇಳಿದರು: “ಗುಡುಗು ಕೇಳುಸ್ತದೆ ಕನ ಮಗ, ಮಾತು ಕೇಳುಸಾಕಿಲ್ಲ.”

ಅಪ್ಪ ಇದನ್ನು ವಯಸ್ಸಿನ ಹಟವೆಂದರು. ತಾತನಿಗೆ ಈಗ ಎಪ್ಪತ್ತೆಂಟು. ಕಿವಿ ಸ್ವಲ್ಪ ಮಂದವಾಗಿರುವುದೂ ನಿಜ. ಆದರೆ ಪರೀಕ್ಷಿಸದೆ ತೀರ್ಪು ಕೊಡುವುದು ನ್ಯಾಯವಲ್ಲವೆಂದು ನನಗೆ ತೋರಿತು. ಮೈಸೂರು ಆಕಾಶವಾಣಿಯ ೧೦೦.೬ರ ಕೇಂದ್ರವನ್ನು ಎರಡರಲ್ಲಿಯೂ ಹಿಡಿದು, ಗಟ್ಟಿತನವನ್ನು ಆದಷ್ಟು ಸಮ ಮಾಡಿ, ತಾತನನ್ನು ಆರಡಿ ದೂರದ ಮಂಚದ ಮೇಲೆ ಕೂಡಿಸಿದೆ. ಮಾತಿನ ಕಾರ್ಯಕ್ರಮಗಳಲ್ಲಿ ಒಂದು ವಾಕ್ಯ ಇದರಲ್ಲಿ, ಇನ್ನೊಂದು ವಾಕ್ಯ ಅದರಲ್ಲಿ. ಕೇಳಿದ್ದನ್ನು ತಾತ ಹಿಂದಿರುಗಿ ಹೇಳಬೇಕು. ಹೀಗೆ ನಾಲ್ಕು ಸಂಜೆ ಮಾಡಿದೆವು. ಹಳೆಯ ಪೆಟ್ಟಿಗೆಯ ೨೦ ವಾಕ್ಯಗಳಲ್ಲಿ ೧೭ನ್ನು ತಾತ ಸರಿಯಾಗಿ ಹೇಳಿದರು. ಹೊಸದರ ೨೦ರಲ್ಲಿ ೧೧ನ್ನು ಮಾತ್ರ. ಇದು ಪ್ರಯೋಗಶಾಲೆಯ ಪರೀಕ್ಷೆಯೆಂದು ನಾನು ಹೇಳುವುದಿಲ್ಲ. ಆದರೂ ಹಟಮಾರಿಯೊಬ್ಬನು ಕೊಡುವ ಲೆಕ್ಕ ಅದಲ್ಲವೆಂದು ಅಪ್ಪನೇ ಒಪ್ಪಿಕೊಂಡರು. ತಪ್ಪಿದವುಗಳಲ್ಲಿ ಹೆಚ್ಚಿನವು ಅಂಕಿಗಳು. ಇಪ್ಪತ್ತಕ್ಕೂ ಎಪ್ಪತ್ತಕ್ಕೂ ನಡುವೆ ಕಿವಿಗೆ ಇರುವುದು ಒಂದೇ ಸ್ವರದ ಅಂತರ. ರೈತನ ಜೇಬಿಗೆ ಇರುವುದು ಐವತ್ತರ ಅಂತರ.

ನಾನು ಕಲಾ ವಿಭಾಗದವನು; ಭೌತಶಾಸ್ತ್ರ ನನ್ನ ವಿಷಯವಲ್ಲ. ಆದರೂ ಕಾರಣವನ್ನು ತಿಳಿಯಬೇಕೆಂದು ಗ್ರಂಥಾಲಯದ ಮೆಟ್ಟಿಲು ಹತ್ತಿದೆ. ಇಂದು ಮನೆಮನೆಗಳಲ್ಲಿರುವ ಧ್ವನಿವರ್ಧಕದ ಮೂಲ ರೂಪವನ್ನು ೧೯೨೫ರಲ್ಲಿ ಪ್ರಕಟಿಸಿದವರು ಅಮೆರಿಕದ ಜನರಲ್ ಎಲೆಕ್ಟ್ರಿಕ್ ಕಂಪನಿಯ ರೈಸ್ ಮತ್ತು ಕೆಲಾಗ್ ಎಂಬ ಇಬ್ಬರು ಎಂಜಿನಿಯರುಗಳು. ಅಯಸ್ಕಾಂತದ ನಡುವೆ ತಂತಿಯ ಸುರುಳಿ, ಸುರುಳಿಗೆ ಅಂಟಿದ ಕಾಗದದ ಶಂಕು. ವಿದ್ಯುತ್ತು ಹರಿದಂತೆ ಸುರುಳಿ ಹಿಂದೆ ಮುಂದೆ ಸರಿಯುತ್ತದೆ, ಶಂಕು ಗಾಳಿಯನ್ನು ತಳ್ಳುತ್ತದೆ. ಶಂಕುವಿನ ಹಿಂಬದಿಯಿಂದಲೂ ಅಲೆ ಹೊರಡುವುದರಿಂದ ಅದು ಮುಂದಿನ ಅಲೆಯನ್ನು ಅಳಿಸದಂತೆ ಪೆಟ್ಟಿಗೆ ಬೇಕು. ಪೆಟ್ಟಿಗೆ ಅಲಂಕಾರವಲ್ಲ, ಅದೂ ವಾದ್ಯದ ಒಂದು ಅಂಗ. ಹುಣಸೂರಿನ ಮರದ ಕಾರ್ಖಾನೆಯೊಂದರಲ್ಲಿ ದುಡಿಯುವ ನನ್ನ ಸೋದರಮಾವನಿಗೆ ಇದನ್ನು ಹೇಳಿದಾಗ, “ತಮಟೆಗೆ ಬಳೆ ಹೆಂಗೋ ಹಂಗೆ ಅನ್ನು” ಎಂದು ಒಂದೇ ಮಾತಿನಲ್ಲಿ ಮುಗಿಸಿದರು.

ಎಳೆಯ ಕಿವಿ ಸೆಕೆಂಡಿಗೆ ೨೦ ಕಂಪನಗಳಿಂದ ೨೦,೦೦೦ ಕಂಪನಗಳವರೆಗೆ ಕೇಳಬಲ್ಲದು. ಮಾತಿನ ಬಲವೆಲ್ಲ ಸ್ವರಗಳಲ್ಲಿ, ಕೆಳಗಿನ ಕಂಪನಗಳಲ್ಲಿ ಇರುತ್ತದೆ. ಆದರೆ ಮಾತಿನ ಅರ್ಥವನ್ನು ಬಿಡಿಸುವುದು ವ್ಯಂಜನಗಳು. ‘ಸ’ಕಾರದಂತಹ ಅಕ್ಷರದ ಶಕ್ತಿ ಬಹುಮಟ್ಟಿಗೆ ೪,೦೦೦ ಕಂಪನಗಳಿಗಿಂತ ಮೇಲಿದೆ, ಅದೂ ಬಹಳ ಕ್ಷೀಣ. ಮುಪ್ಪಿನಲ್ಲಿ ಕಿವಿ ಮೊದಲು ಕಳೆದುಕೊಳ್ಳುವುದು ಈ ಮೇಲಿನ ಭಾಗವನ್ನೇ. ಇದರೊಡನೆ ಇನ್ನೊಂದು ತೊಡಕಿದೆ: ಕೆಳಗಿನ ದನಿ ಜೋರಾದಾಗ ಮೇಲಿನ ದನಿಯನ್ನು ಕಿವಿಯಲ್ಲಿ ಮುಚ್ಚಿಹಾಕುತ್ತದೆ. ಚಿಕ್ಕ ಶಂಕುವಿಗೆ ಕೆಳಗಿನ ದನಿ ಹೊರಡಿಸುವುದು ಕಷ್ಟ. ಅಷ್ಟೇ ಗಟ್ಟಿತನ ಬೇಕಾದರೆ ಕಂಪನದ ಸಂಖ್ಯೆ ಅರ್ಧಕ್ಕಿಳಿದಾಗಲೆಲ್ಲ ಶಂಕು ನಾಲ್ಕರಷ್ಟು ದೂರ ಓಡಾಡಬೇಕು. ಆದರೂ ಕೊಳ್ಳುವವನು ಅಂಗಡಿಯಲ್ಲಿ ಮೊದಲು ಮೆಚ್ಚುವುದು ಆ ದಿಮ್ಮೆನ್ನುವ ದನಿಯನ್ನೇ. ಆದುದರಿಂದ ನಮ್ಮ ಹೊಸ ಸ್ಪೀಕರಿನಂಥವುಗಳಲ್ಲಿ ಅದನ್ನು ವಿದ್ಯುತ್ತಿನಿಂದ ಎತ್ತಿ ಹಿಡಿದಿರುತ್ತಾರೆ. ತಮ್ಮನಂಥ ಇಪ್ಪತ್ತರೊಳಗಿನವನಿಗೆ ಅದು ಹಬ್ಬ. ತಾತನಿಗೆ ಮಾತಿನ ಮೇಲೆ ಹೊದಿಸಿದ ಕಂಬಳಿ. ತಮ್ಮನ ರುಚಿಯನ್ನು ನಾನು ಹಳಿಯುವುದಿಲ್ಲ. ಕುಣಿತಕ್ಕೆ ತಮಟೆ ಬೇಕು, ವಾರ್ತೆಗೆ ಮಾತು ಬೇಕು. ಒಂದೇ ಪೆಟ್ಟಿಗೆಗೆ ಎರಡನ್ನೂ ಕೇಳಿದಾಗ ಯಾರದೋ ಒಬ್ಬರ ಪಾಲು ಕಡಿಮೆಯಾಗುತ್ತದೆ.

ಇಲ್ಲಿ ನಮ್ಮ ನಾಡಿನ ಒಂದು ಸಂಗತಿಯನ್ನು ನೆನೆಯಬೇಕು. ೧೯೩೫ರ ಸೆಪ್ಟೆಂಬರ್ ೧೦ರಂದು ಮೈಸೂರಿನ ಮನಶ್ಶಾಸ್ತ್ರದ ಪ್ರಾಧ್ಯಾಪಕ ಡಾ. ಎಂ. ವಿ. ಗೋಪಾಲಸ್ವಾಮಿಯವರು ತಮ್ಮ ಮನೆಯಲ್ಲಿಯೇ ಬಾನುಲಿ ಕೇಂದ್ರವೊಂದನ್ನು ಆರಂಭಿಸಿದರು. ಅದರ ಪ್ರಸಾರಯಂತ್ರದ ಶಕ್ತಿ ೩೦ ವಾಟ್. ‘ಆಕಾಶವಾಣಿ’ ಎಂಬ ಹೆಸರು ಆ ಪುಟ್ಟ ಕೇಂದ್ರದಿಂದ ಇಡೀ ದೇಶಕ್ಕೆ ಹೋಯಿತು. ಇಂದು ಮದುವೆಮನೆಗೆ ತರುವ ಧ್ವನಿವರ್ಧಕಗಳ ಮೇಲೆ ನೂರಾರು ವಾಟ್ ಎಂದು ಅಚ್ಚು ಹಾಕಿರುತ್ತಾರೆ. ಪ್ರಸಾರದ ವಾಟ್ ಬೇರೆ, ಧ್ವನಿವರ್ಧಕದ ವಾಟ್ ಬೇರೆ. ನೇರ ಹೋಲಿಕೆ ಸಲ್ಲದು. ಆದರೂ ಮಾತು ಮುಟ್ಟಿಸುವುದಕ್ಕೆ ಅಬ್ಬರವೇ ಬೇಕಿಲ್ಲವೆಂಬುದಕ್ಕೆ ಆ ಮೂವತ್ತು ವಾಟ್ ಸಾಕ್ಷಿ. ಹೆಗ್ಗಡದೇವನಕೋಟೆಯ ಕಡೆ ಸರಗೂರಿನ ‘ಜನಧ್ವನಿ’ ಎಂಬ ಸಮುದಾಯ ಬಾನುಲಿಯನ್ನು ಕೇಳಿದವರಿಗೆ ಈ ಮಾತನ್ನು ಬಿಡಿಸಿ ಹೇಳಬೇಕಾದುದಿಲ್ಲ.

ಇನ್ನು ಆ ಹಳೆಯ ಹೆಸರಿನ ವಿಷಯ. ಬಿಪಿಎಲ್ ಎಂದರೆ ಬ್ರಿಟಿಷ್ ಫಿಸಿಕಲ್ ಲ್ಯಾಬೊರೇಟರೀಸ್. ಹೆಸರು ಬ್ರಿಟಿಷ್ ಆದರೂ ಸಂಸ್ಥೆ ನಮ್ಮದು, ಟಿ. ಪಿ. ಜಿ. ನಂಬಿಯಾರ್ ಎಂಬವರು ೧೯೬೩ರಲ್ಲಿ ಕೇರಳದ ಪಾಲಕ್ಕಾಡಿನಲ್ಲಿ ಅಳತೆಯ ಮೀಟರುಗಳನ್ನು ಮಾಡಲು ತೊಡಗಿದರು. ಮುಂದೆ ಬೆಂಗಳೂರು ಅದರ ಕೇಂದ್ರವಾಯಿತು. ೧೯೮೨ರ ಏಷ್ಯನ್ ಕ್ರೀಡಾಕೂಟದ ವೇಳೆಗೆ ದೇಶಕ್ಕೆ ಬಣ್ಣದ ಟಿ.ವಿ. ಬಂದಾಗ ಸಂಸ್ಥೆ ಆ ಕಡೆಗೂ ಹೊರಳಿತು. ಜಪಾನಿನ ಸ್ಯಾನ್ಯೊ ಸಂಸ್ಥೆಯ ಜೊತೆಗೂಡಿ ಮನೆಬಳಕೆಯ ಯಂತ್ರಗಳನ್ನು ಮಾಡಿತು. ತೊಂಬತ್ತರ ದಶಕದಲ್ಲಿ ದೇಶದ ಮೊದಲ ಸಾಲಿನಲ್ಲಿತ್ತು. ಆ ದಶಕದ ನಡುವೆ ಕೊರಿಯಾದ ಕಂಪನಿಗಳು ದೊಡ್ಡ ಬಂಡವಾಳದೊಡನೆ ಇಳಿದವು. ಮುಂದಿನ ದಶಕದಲ್ಲಿ ಬಿಪಿಎಲ್ ಅಂಗಡಿಗಳ ಸಾಲಿನಿಂದ ಬಹುಮಟ್ಟಿಗೆ ಹಿಂದೆ ಸರಿಯಿತು. ಸ್ಯಾನ್ಯೊ ೨೦೧೧ರಲ್ಲಿ ಪ್ಯಾನಸೋನಿಕ್‌ನೊಳಗೆ ಸೇರಿಹೋಯಿತು. ೨೦೨೧ರಲ್ಲಿ ಬಿಪಿಎಲ್ ಹೆಸರನ್ನು ಬಳಸುವ ಪರವಾನಗಿಯನ್ನು ರಿಲಯನ್ಸ್ ರೀಟೇಲ್ ಪಡೆಯಿತು. ನಂಬಿಯಾರ್ ಅವರು ೨೦೨೪ರ ಅಕ್ಟೋಬರ್ ೩೧ರಂದು ಬೆಂಗಳೂರಿನಲ್ಲಿ ತೀರಿಕೊಂಡರು.

ಇಂಥ ಹೆಸರಿಗೆ ಭವಿಷ್ಯವಿದೆಯೆ? ಹೆಸರಿಗೇನೋ ಇದೆ. ಜಪಾನಿನ ಅಕಾಯ್, ಸಾನ್ಸುಯಿ ಕಂಪನಿಗಳು ಬಿದ್ದುಹೋದ ಮೇಲೂ ಆ ಹೆಸರುಗಳು ಬೇರೆಯವರ ಪೆಟ್ಟಿಗೆಗಳ ಮೇಲೆ ಬದುಕಿಕೊಂಡಿವೆ. ಹೆಸರನ್ನು ಕಾಗದದ ಮೇಲೆ ಕೊಡಬಹುದು, ಕೊಳ್ಳಬಹುದು. ದನಿಯನ್ನು ಹಾಗೆ ಕೊಳ್ಳಲಾಗದು. ಶಂಕು, ಅಯಸ್ಕಾಂತ, ಪೆಟ್ಟಿಗೆಗಳನ್ನು ಆಯ್ದ ಎಂಜಿನಿಯರನ ಕಿವಿ ಹೆಸರಿನ ಜೊತೆಗೆ ಬರುವುದಿಲ್ಲ. ಹಳೆಯ ಹೆಸರುಗಳನ್ನು ಮರಳಿ ತರುವವರಲ್ಲಿ ನನ್ನದು ಮೂರೇ ಬಿನ್ನಹ. ಮಾತಿನ ಸ್ಪಷ್ಟತೆಯನ್ನು ಮುದುಕರ ಕಿವಿಯ ಮುಂದಿಟ್ಟು ಪರೀಕ್ಷಿಸಲಿ. ನಿಜವಾಗಿ ತಯಾರಿಸಿದವರು ಯಾರೆಂಬುದನ್ನು ಕಾಣುವಂತೆ ಬರೆಯಲಿ. ಹತ್ತು ವರ್ಷವಾದರೂ ಬಿಡಿಭಾಗ ಸಿಗುವಂತೆ ನೋಡಿಕೊಳ್ಳಲಿ. ೨೦೨೨ರಲ್ಲಿ ಕೇಂದ್ರ ಸರ್ಕಾರವು ದುರಸ್ತಿಯ ಹಕ್ಕಿಗಾಗಿ ಜಾಲತಾಣವೊಂದನ್ನು ತೆರೆದಿದೆ. ಕೃಷ್ಣರಾಜನಗರದ ರೇಡಿಯೋ ರಿಪೇರಿಯವನ ಮೇಜಿನವರೆಗೂ ಆ ಹಕ್ಕು ಬಂದು ಮುಟ್ಟಿದರೆ ಸಾರ್ಥಕ.

ನಮ್ಮ ಮನೆಯ ಪೆಟ್ಟಿಗೆ ಗುಜರಿಗೆ ಹೋಗಲಿಲ್ಲ. ಅಪ್ಪನೇ ಅದಕ್ಕೆ ಹೊಸ ವೈರು ಹಾಕಿಸಿ ತಾತನ ತಲೆದೆಸೆಯಲ್ಲಿಟ್ಟರು; ತಮ್ಮನ ಸ್ಪೀಕರ್ ತಮ್ಮನ ಕೋಣೆಯಲ್ಲಿದೆ.

ಈ ಬರೆಹವನ್ನು ಬರೆಯುತ್ತಿರುವಾಗ ನನ್ನನ್ನು ಕಾಡುತ್ತಿರುವುದು ಪೆಟ್ಟಿಗೆಯ ಭವಿಷ್ಯವೊಂದೇ ಅಲ್ಲ. ಇನ್ನು ಕೆಲವು ತಿಂಗಳಲ್ಲಿ ನನ್ನ ಹೆಸರಿನ ಮುಂದೆಯೂ ಬಿ.ಎ. ಎಂಬ ಎರಡಕ್ಷರ ಅಚ್ಚಾಗುತ್ತದೆ. ಊರಿನವರು ಈಗಲೇ ಅದಕ್ಕೆ ಬೆಲೆ ಕಟ್ಟುತ್ತಿದ್ದಾರೆ. ಅರ್ಜಿ ಬರೆಸಿಕೊಳ್ಳಲು ಬರುತ್ತಾರೆ, ಕಾಗದ ಓದಿಸಿಕೊಳ್ಳಲು ಬರುತ್ತಾರೆ. ನಾನು ಓದಿ ಹೇಳಿದ ಮಾತು ಅವರಿಗೆ ತಿಳಿಯಬೇಕು. ಇಂಗ್ಲಿಷಿನ ಗುಡುಗು ಸೇರಿಸಿದರೆ ಅವರು ತಲೆದೂಗಬಹುದು. ಆದರೆ ಇಪ್ಪತ್ತೋ ಎಪ್ಪತ್ತೋ ಎಂದು ಗೊತ್ತಾಗದೆ ಮನೆಗೆ ಹೋಗುತ್ತಾರೆ. ಸಹಪಾಠಿ ಮಿತ್ರರೇ, ನಮ್ಮಲ್ಲಿ ಅನೇಕರು ಮನೆಯ ಮೊದಲ ಪದವೀಧರರು. ನಮ್ಮ ಮನೆಗಳವರು ಇಷ್ಟು ವರ್ಷ ಕಿವಿಯಿಂದ ಲೋಕವನ್ನು ಓದಿದವರು. ಅವರ ಕಿವಿ ಬಹಳ ಪಳಗಿದ ಕಿವಿ. ಹೆಸರನ್ನು ಕಂಡು ಅವರು ನಮ್ಮನ್ನು ಮನೆಯೊಳಗೆ ಕರೆದಾರು; ಇಟ್ಟುಕೊಳ್ಳುವುದು ದನಿಯನ್ನು ಕೇಳಿದ ಮೇಲೆ.