ಎಡಗಾಲಿನ ಸರದಿ

ಸ್ಟೆಪ್ ಏರೋಬಿಕ್ಸ್‌ನಲ್ಲಿ ನಾನು ಕಾಯುವುದು ಎಡಗಾಲಿನ ಸರದಿಗೆ. ಬಲಗಾಲು ಮುಂದಿಟ್ಟು ಕಲಿತ 32 ಎಣಿಕೆಗಳ ಹೆಜ್ಜೆಸಾಲು ಮುಗಿಯುತ್ತಿದ್ದಂತೆ, ಉಸಿರೆಳೆದುಕೊಳ್ಳುವಷ್ಟೂ ಬಿಡುವಿಲ್ಲದೆ, ಅದೇ ಸಾಲು ಎಡಗಾಲಿನಿಂದ ಶುರುವಾಗುತ್ತದೆ. ಬಲಕ್ಕೆ ತಿರುಗಿದ್ದೆಲ್ಲ ಎಡಕ್ಕೆ, ಎಡಕ್ಕೆ ದಾಟಿದ್ದೆಲ್ಲ ಬಲಕ್ಕೆ. ಅದನ್ನು ಯಾರೂ ಬೇರೆಯಾಗಿ ಬಿಡಿಸಿ ಕಲಿಸಿರುವುದಿಲ್ಲ. ಆದರೂ ಕಾಲು ಹೊರಡುತ್ತದೆ. ಬಲಗಾಲಿನದು ಕಣ್ಣು ನೋಡಿ ಕಲಿತದ್ದು. ಎಡಗಾಲಿನದು ಮೈ ತಾನೇ ತನ್ನೊಳಗೆ ಮಗುಚಿಕೊಂಡದ್ದು. ಈ ಸಂತೋಷ ನನಗೆ ಬೇರೆ ಯಾವ ವ್ಯಾಯಾಮದಲ್ಲೂ ಸಿಕ್ಕಿಲ್ಲ. ನಡಿಗೆಯಲ್ಲಿಲ್ಲ, ಸೈಕಲ್‌ನಲ್ಲಿಲ್ಲ, ಟ್ರೆಡ್‌ಮಿಲ್‌ನಲ್ಲಂತೂ ಇಲ್ಲವೇ ಇಲ್ಲ.

ಬೇಕಾಗುವ ಸಲಕರಣೆ ಒಂದೇ ಒಂದು ಹಲಗೆ. ಸುಮಾರು ಮೂರೂವರೆ ಅಡಿ ಉದ್ದ, ಒಂದಡಿಗಿಂತ ಸ್ವಲ್ಪ ಹೆಚ್ಚು ಅಗಲ, ಮೇಲೆ ಜಾರದಂತೆ ರಬ್ಬರಿನ ಹೊದಿಕೆ. ಬರೀ ಹಲಗೆಯ ಎತ್ತರ 4 ಅಂಗುಲ. ಎರಡೂ ತುದಿಯ ಕೆಳಗೆ ಒಂದೊಂದು ಅಡಿಗಟ್ಟು ಜೋಡಿಸಿದರೆ 6, ಇನ್ನೊಂದು ಜೊತೆ ಸೇರಿಸಿದರೆ 8. ಮೈಸೂರಿನ ನಮ್ಮ ಮನೆಯಲ್ಲಿ ಎಲ್ಲರೂ ಅದನ್ನು ಮಣೆ ಅಂತಲೇ ಕರೆಯುವುದು. ಹಜಾರದ ಕೆಂಪು ನೆಲ ಒರೆಸಿದ ಮೇಲೆ ಜಾರುತ್ತದೆಂದು ಅದರಡಿಗೆ ಒಂದು ರಬ್ಬರ್ ಚಾಪೆ ಹಾಸುತ್ತೇನೆ. ಬೆಳಿಗ್ಗೆ ಹಾಲು ಕಾಯಿಸುವ ಮೊದಲು ಒಂದು ತಾಸು ಆ ಜಾಗ, ಟಿ.ವಿ., ಫ್ಯಾನು ಎಲ್ಲ ನನ್ನವು.

ಈ ಮಣೆಯ ಹಿಂದೆ ಒಂದು ಮೊಣಕಾಲಿನ ನೋವಿದೆ. 1980ರ ದಶಕದ ಕೊನೆಗೆ ಅಮೆರಿಕದ ಜಿನ್ ಮಿಲ್ಲರ್ ಎಂಬ ಏರೋಬಿಕ್ಸ್ ಶಿಕ್ಷಕಿ ಮೊಣಕಾಲಿಗೆ ಪೆಟ್ಟು ಮಾಡಿಕೊಂಡರು. ಹಾಲಿನ ಕ್ರೇಟೊಂದರ ಮೇಲೆ ಹತ್ತಿ ಇಳಿದು ಮೊಣಕಾಲಿನ ಸುತ್ತಲಿನ ಸ್ನಾಯುಗಳನ್ನು ಗಟ್ಟಿಮಾಡಿಕೊಳ್ಳಿ ಎಂದು ಮೂಳೆ ವೈದ್ಯರು ಹೇಳಿದರಂತೆ. ಹತ್ತಿ ಇಳಿಯುವುದು ಬೇಸರದ ಕೆಲಸ, ಹಾಡು ಹಾಕಿಕೊಂಡರೆ ಬೇಸರವಲ್ಲ. ಹಾಡು ಬಂದ ಮೇಲೆ ಹೆಜ್ಜೆಗೆ ಬಗೆ ಬಂತು. ರೀಬಾಕ್ ಕಂಪನಿ ಅದನ್ನು ಕೈಗೆತ್ತಿಕೊಂಡು, 1990ರ ಆಸುಪಾಸಿನಿಂದ ಮಣೆ ಊರೂರಿನ ಜಿಮ್‌ಗಳಿಗೆ ಹೋಯಿತು. ನೋವಿಗೆಂದು ಹುಟ್ಟಿದ ಔಷಧಿ ಹೀಗೆ ಆಟವಾಗಿ ಬೆಳೆದದ್ದು ನನಗೆ ಬಹಳ ಹಿಡಿಸುತ್ತದೆ.

ಮೊದಮೊದಲು ಅದು ಹತ್ತು, ಇಳಿ, ಮೊಣಕಾಲು ಎತ್ತು, ಇಷ್ಟೇ ಇತ್ತು. ಆಮೇಲೆ ನಾಟ್ಯದ ಮನಸ್ಸುಳ್ಳವರು ಬಂದರು. ಲ್ಯಾಟಿನ್ ನೃತ್ಯದಿಂದ ಮಾಂಬೊ, ಚಾ-ಚಾ-ಚಾ ಬಂದವು. ಜಾಝ್ ನೃತ್ಯದಿಂದ ತಿರುವುಗಳೂ ಶಾಸೆಗಳೂ ಬಂದವು. ಶಿಕ್ಷಕರು ತಮ್ಮ ತಮ್ಮ ಸಂಯೋಜನೆಗಳನ್ನು ವಿಡಿಯೊ ಕ್ಯಾಸೆಟ್‌ಗಳಲ್ಲಿ, ಡಿವಿಡಿಗಳಲ್ಲಿ ಹೊರತಂದರು. ನ್ಯೂಜೆರ್ಸಿಯ ಕ್ಯಾಥಿ ಫ್ರೆಡ್ರಿಕ್ ಅವರ ಪಾಠದಲ್ಲಿ ಕಸುವು ಹೆಚ್ಚು, ಸೂಚನೆ ಗಂಟೆ ಹೊಡೆದಷ್ಟು ಸ್ಪಷ್ಟ. ಕ್ರಿಸ್ಟಿ ಟೇಲರ್ ಅವರದು ಹೆಣಿಗೆ ಹೆಚ್ಚು. ಒಂದು ಸಾಲಿನೊಳಗೆ ಎಷ್ಟು ತಿರುವು ಅಡಗಿದೆ ಎಂದು ಮೊದಲ ನೋಟಕ್ಕೆ ತಿಳಿಯುವುದೇ ಇಲ್ಲ. ಜಿಮ್‌ಗಳಿಗೆ ಸ್ಪಿನ್ನಿಂಗ್ ಬಂತು, ಜುಂಬಾ ಬಂತು, ಮಣೆಗಳು ಮೂಲೆ ಸೇರಿದವು. ಹೆಜ್ಜೆಯ ಹೆಣಿಗೆಯನ್ನು ಬಿಡಲಾರದವರು ಅದನ್ನು ಮನೆಯಲ್ಲೇ ಉಳಿಸಿಕೊಂಡರು. ನಾನೂ ಆ ಗುಂಪಿನವಳೇ.

ಹೆಣಿಗೆ ಎಂದರೆ ಏನೆಂದು ಒಂದು ಸಾಲನ್ನು ಬಿಡಿಸಿಯೇ ಹೇಳಬೇಕು. ಬಲಗಾಲು ಮಣೆಯ ಮೇಲೆ. ಎಡ ಮೊಣಕಾಲನ್ನು ಮೂರು ಸಲ ಎತ್ತುವುದು, ನಡುನಡುವೆ ಬೆರಳತುದಿಯಿಂದ ಹಿಂದಿನ ನೆಲ ಮುಟ್ಟುವುದು. ಇದು ರಿಪೀಟರ್, 8 ಎಣಿಕೆ. ಎಡಗಾಲು ಇಳಿದು ಬಲಗಾಲು ಇಳಿಯಿತು, ಆದ್ದರಿಂದ ಈಗ ಸರದಿ ಎಡಗಾಲಿನದು. ಎಡಗಾಲಿನಿಂದ ಮಾಂಬೊ, ಅದರ ಬೆನ್ನಿಗೇ ಚಾ-ಚಾ-ಚಾ: 4 ಎಣಿಕೆ, ಸರದಿ ಮತ್ತೆ ಬಲಕ್ಕೆ. ಮಣೆ ಹತ್ತಿ ಆಚೆ ಬದಿಗೆ ಇಳಿಯುವುದು 4, ಎಡಗಾಲಿನಿಂದ ಹತ್ತಿ ಈಚೆಗೆ ಬರುವುದು 4. ಇಲ್ಲಿಗೆ 20. ಬಲಗಾಲಿನಿಂದ ವಿ-ಸ್ಟೆಪ್, ಅಂದರೆ ಪಾದಗಳನ್ನು ಮಣೆಯ ಮೇಲೆ ಅಗಲಿಸಿಟ್ಟು ಕೆಳಗೆ ಕೂಡಿಸುವುದು, 4. ಸುಮ್ಮನೆ ಹತ್ತಿ ಇಳಿಯುವ ಬೇಸಿಕ್, 4. ಕೊನೆಗೆ ಒಂದೇ ಒಂದು ಮೊಣಕಾಲು, 4. ಒಟ್ಟು 32.

ಈಗ ಸರದಿ ಲೆಕ್ಕ ಹಾಕಿ. ವಿ-ಸ್ಟೆಪ್‌ನಲ್ಲೂ ಬೇಸಿಕ್‌ನಲ್ಲೂ ಕಾಲು ಬದಲಾಗುವುದಿಲ್ಲ. ರಿಪೀಟರ್, ಮಾಂಬೊ, ಆಚೆ ದಾಟು, ಈಚೆ ದಾಟು, ಕೊನೆಯ ಮೊಣಕಾಲು, ಈ ಐದರಲ್ಲಿ ಬದಲಾಗುತ್ತದೆ. ಐದು ಬೆಸಸಂಖ್ಯೆ. ಬಲಗಾಲಿನಲ್ಲಿ ಶುರುವಾದದ್ದು ತಾನಾಗಿ ಎಡಗಾಲಿಗೆ ಬಂದು ನಿಂತಿತು! ಸಂಯೋಜಕಿಯ ಜಾಣ್ಮೆಯೆಲ್ಲ ಇಲ್ಲಿದೆ. ಕಾಲು ಬದಲಿಸುವುದಕ್ಕೆಂದೇ ಕೊನೆಯಲ್ಲಿ ಒಂದು ತಟ್ಟು ತುರುಕುವವರಿದ್ದಾರೆ. ಅದು ಹರಿವನ್ನು ಕಡಿದುಬಿಡುತ್ತದೆ, ನನಗೆ ಸೇರುವುದಿಲ್ಲ. ಒಳ್ಳೆಯ ಸಾಲಿನಲ್ಲಿ ಬದಲಾವಣೆ ಎಲ್ಲಿ ಆಯಿತೆಂದೇ ಗೊತ್ತಾಗಬಾರದು. ಎಡಗಾಲು ಮಣೆಯ ಮೇಲೆ ಇದ್ದಾಗಲೇ ತಿಳಿಯಬೇಕು.

ಇಷ್ಟನ್ನು ಕಲಿತಾದ ಮೇಲೆ ನಿಜವಾದ ಪಾಠ ಆರಂಭ. ಅದೇ ಸಾಲಿನ ಮೇಲೆ ಪದರು ಪದರಾಗಿ ಬಣ್ಣ ಏರಿಸುತ್ತಾರೆ. ಬೇಸಿಕ್ ತೆಗೆದು ಅದರ ಜಾಗದಲ್ಲಿ ನೆಲದ ಮೇಲೆ ಎರಡು ಅರ್ಧಸುತ್ತು. ಮೂರು ಮೊಣಕಾಲುಗಳ ಪೈಕಿ ನಡುವಿನದಕ್ಕೆ ಬದಲಾಗಿ ಒಂದು ಒದೆತ. ಹತ್ತಿ ದಾಟುತ್ತಿದ್ದದ್ದು ಹಗುರಾದ ಜಿಗಿತದೊಂದಿಗೆ ದಾಟುವುದಾಗುತ್ತದೆ. ನಿಯಮ ಎರಡೇ: ಹೊಸ ಹೆಜ್ಜೆ ಹಳೆಯದರಷ್ಟೇ ಎಣಿಕೆಯಲ್ಲಿ ಮುಗಿಯಬೇಕು, ಹಳೆಯದು ಬಿಟ್ಟುಕೊಡುತ್ತಿದ್ದ ಕಾಲನ್ನೇ ಬಿಟ್ಟುಕೊಡಬೇಕು. ಈ ಎರಡನ್ನು ಉಳಿಸಿಕೊಂಡು ಮಿಕ್ಕಿದ್ದನ್ನೆಲ್ಲ ಬದಲಿಸಬಹುದು. ತಾಸಿನ ಕೊನೆಯಲ್ಲಿ ಕಾಣುವ ಸಾಲಿಗೂ ಮೊದಲಲ್ಲಿ ಕಲಿತದ್ದಕ್ಕೂ ಹೋಲಿಕೆಯೇ ಇರುವುದಿಲ್ಲ, ಆದರೆ ಕಾಲಿನ ಕೆಳಗೆ ಆ ಹಳೆಯ ಹಂದರ ಗಟ್ಟಿಯಾಗಿ ನಿಂತಿರುತ್ತದೆ. ಹೊಸ ತಿರುವು ತಪ್ಪಿದರೆ ಹಳೆಯ ಬೇಸಿಕ್‌ಗೆ ಇಳಿದು, ಮುಂದಿನ ಹೆಜ್ಜೆಗೆ ಸರಿಯಾದ ಹೊತ್ತಿಗೆ ಹೋಗಿ ಸೇರಿಕೊಳ್ಳಬಹುದು. ಪಾಠ ಹೇಳುವವರ ಉದಾರತೆ ಇದು.

ಮನೆಯಲ್ಲಿ ಕಲಿಯುವುದರ ದೊಡ್ಡ ಸೌಕರ್ಯ ರಿಮೋಟು. ತರಗತಿಯಲ್ಲಿ ಮೂವತ್ತು ಜನರ ನಡುವೆ ನಿಂತು, ಆ ತಿರುವನ್ನು ಇನ್ನೊಮ್ಮೆ ತೋರಿಸಿ ಎನ್ನಲಾಗುವುದಿಲ್ಲ; ಹಾಡು ಓಡುತ್ತಿರುತ್ತದೆ. ಮನೆಯಲ್ಲಿ ನಿಲ್ಲಿಸಬಹುದು, ಹಿಂದಕ್ಕೆ ತಳ್ಳಬಹುದು, ನಾಲ್ಕೇ ನಾಲ್ಕು ಎಣಿಕೆಯನ್ನು ಅರ್ಧ ವೇಗದಲ್ಲಿ ನೋಡಬಹುದು. ನಾನು ತಿರುವುಗಳಲ್ಲಿ ಶಿಕ್ಷಕಿಯ ಪಾದ ನೋಡುವುದಿಲ್ಲ, ಸೊಂಟ ನೋಡುತ್ತೇನೆ. ಸೊಂಟ ಯಾವ ಕಡೆ ಹೊರಳಿತೋ ಮೈಯ ಭಾರ ಆ ಕಡೆ. ಭಾರ ಎಲ್ಲಿದೆ ಎಂದು ತಿಳಿದರೆ ಯಾವ ಕಾಲು ಬಿಡುವಾಗಿದೆ ಎಂದು ತಿಳಿಯುತ್ತದೆ. ಬಿಡುವಾಗಿರುವ ಕಾಲೇ ಮುಂದಿನ ಹೆಜ್ಜೆ. ಇದನ್ನು ಕಂಡುಕೊಂಡಂದಿನಿಂದ ಎಂಥ ಸಿಕ್ಕಾದರೂ ಬಿಡಿಸಿಕೊಳ್ಳುತ್ತದೆ ಎಂಬ ಧೈರ್ಯ ಬಂದಿದೆ. ಶಿಕ್ಷಕಿ ನಮಗೆ ಎದುರಾಗಿ ನಿಂತಾಗ ಬಾಯಲ್ಲಿ ಬಲ ಎನ್ನುತ್ತಾರೆ, ತಾವು ಎತ್ತುವುದು ಎಡಗಾಲು. ನಮಗೆ ಕನ್ನಡಿಯಾಗಿ ನಿಲ್ಲುವ ಈ ಅಭ್ಯಾಸಕ್ಕೆ ಅವರು ಎಷ್ಟು ಬೆವರು ಸುರಿಸಿರಬೇಕು! ಜೊತೆಗೆ ಹೆಜ್ಜೆ ಬರುವ ನಾಲ್ಕು ಎಣಿಕೆ ಮೊದಲೇ ಅದರ ಹೆಸರು ಹೇಳಬೇಕು. ಕಾಲು ಒಂದನ್ನು ಮಾಡುತ್ತಿರುವಾಗ ನಾಲಿಗೆ ಇನ್ನೊಂದನ್ನು ನುಡಿಯಬೇಕು, ಅದೂ ತಲೆಕೆಳಗಾದ ಬಲ ಎಡಗಳಲ್ಲಿ, ಅದೂ ಏದುಸಿರಿಲ್ಲದೆ. ನನ್ನ ಕಣ್ಣಿಗೆ ಇದು ಅವಧಾನ.

ಹಾಡಿನ ವಿಷಯ ಹೇಳಬೇಕು. ಸ್ಟೆಪ್‌ನ ಹಾಡುಗಳನ್ನು ನಿಮಿಷಕ್ಕೆ 118ರಿಂದ 128 ಬಡಿತಗಳ ಒಳಗೆ ಇಡುವುದು ರೂಢಿ. ನುರಿತವರು ಇನ್ನೂ ಮೇಲೆ ಹೋಗುತ್ತಾರೆ. ಎಂಟೆಂಟರ ನಾಲ್ಕು ಕಟ್ಟು ಸೇರಿ 32 ಆಗುವಂತೆ ಹಾಡನ್ನು ಕತ್ತರಿಸಿ ಜೋಡಿಸಿರುತ್ತಾರೆ, ನಡುವೆ ಒಂದು ಬಡಿತವೂ ಹೆಚ್ಚುವರಿಯಾಗಿ ಉಳಿಯದ ಹಾಗೆ. ನನ್ನ ಅಮ್ಮ ಚಿಕ್ಕಂದಿನಲ್ಲಿ ಸಂಗೀತ ಕಲಿತವರು. ದಿವಾನದ ಮೇಲೆ ಕೂತು ಸೊಪ್ಪು ಬಿಡಿಸುತ್ತ ನನ್ನನ್ನು ನೋಡುತ್ತಿದ್ದವರು ಒಂದು ದಿನ ಸೊಪ್ಪು ಪಕ್ಕಕ್ಕಿಟ್ಟು ತೊಡೆಯ ಮೇಲೆ ತಾಳ ಹಾಕತೊಡಗಿದರು. ಲಘುವಿನ ನಾಲ್ಕು, ದ್ರುತಗಳ ಎರಡೆರಡು.

‘ಆದಿತಾಳ ಕಣೇ ಇದು. ನಾಲ್ಕಾವರ್ತಕ್ಕೆ ಒಂದ್ಸಲ ಮುಗಿಸ್ತಾಳೆ ಆಕೆ’ ಎಂದರು.

‘ಹೂಂ ಅಮ್ಮಾ, ಮೂವತ್ತೆರಡು.’

‘ಮತ್ಯಾಕೆ ಒಂದು ಎರಡು ಅಂತ ಎಣಿಸ್ತಾ ಇದೀಯ? ಸಮ ಹಿಡ್ಕೊ, ಸಾಕು.’

ಅಮ್ಮ ಹೇಳಿದ ಮೇಲೆ ನನ್ನ ಕಲಿಕೆಯ ದಾರಿಯೇ ಬದಲಾಯಿತು. ಎಣಿಸುವಾಗ ಮನಸ್ಸು ಪ್ರತಿ ಹೆಜ್ಜೆಗೂ ನಿಂತು ನಿಂತು ಹೋಗುತ್ತದೆ. ಸಮ ಹಿಡಿದರೆ ಎಂಟು ಎಣಿಕೆ ಒಂದೇ ಉಸಿರಾಗುತ್ತದೆ. ನಾಲ್ಕು ಉಸಿರಿಗೆ ಸಾಲು ಮುಗಿಯುತ್ತದೆ. ಎಲ್ಲಿ ತಪ್ಪಿದರೂ ಮುಂದಿನ ಸಮ ಬಂದು ಕೈ ಹಿಡಿಯುತ್ತದೆ. ಭರತನಾಟ್ಯದಲ್ಲಿ ಅಡವುಗಳನ್ನು ಬಲಕ್ಕೆ ಮಾಡಿದ ಮೇಲೆ ಎಡಕ್ಕೂ ಮಾಡಿಸುತ್ತಾರೆ, ಒಂದೇ ಅಡವನ್ನು ಮೂರು ಕಾಲಗಳಲ್ಲಿ ಸಾಧನೆ ಮಾಡಿಸುತ್ತಾರೆ. ಹಜಾರದಲ್ಲಿ ನಾನು ಮಾಡುವುದಕ್ಕೆ ಮುದ್ರೆಯಿಲ್ಲ, ಅಭಿನಯವಿಲ್ಲ, ದೇವರ ಮುಂದೆ ನಿಲ್ಲುವ ಉದ್ದೇಶವೂ ಇಲ್ಲ. ಆದರೆ ನಿಧಾನದಲ್ಲಿ ಗಟ್ಟಿಮಾಡಿಕೊಂಡು ವೇಗಕ್ಕೆ ಏರು, ಒಂದು ಬದಿ ಬಂದದ್ದು ಇನ್ನೊಂದು ಬದಿಗೂ ಬರಲಿ ಎಂಬ ಶಿಸ್ತು ಅದೇ.

ಶಿಸ್ತಿನ ಮಾತು ಬಂತಾದ್ದರಿಂದ ಪಾದದ ವಿಷಯವನ್ನೂ ಹೇಳಿಬಿಡುತ್ತೇನೆ. ಹೆಣಿಗೆಯ ಪಾಠಕ್ಕೆ ಎತ್ತರ ಬೇಡ. 4 ಅಂಗುಲ ಸಾಕು, ಹೆಚ್ಚೆಂದರೆ 6. ಹತ್ತುವಾಗ ಇಡೀ ಪಾದ ಮಣೆಯ ಮೇಲಿರಬೇಕು, ಹಿಮ್ಮಡಿ ಅಂಚಿನಾಚೆ ನೇತಾಡಬಾರದು. ಇಳಿಯುವಾಗ ಮಣೆಗೆ ಹತ್ತಿರವೇ ಇಳಿಯಬೇಕು, ಮೊದಲು ಬೆರಳು, ಆಮೇಲೆ ಹಿಮ್ಮಡಿ. ಭಾರ ಹೊತ್ತ ಮೊಣಕಾಲನ್ನು ತಿರುಚಬಾರದು; ತಿರುಗುವುದಿದ್ದರೆ ಹಿಮ್ಮಡಿ ಎತ್ತಿ ಮುಂಗಾಲಿನ ಮೇಲೆ ತಿರುಗಬೇಕು. ತೀರ ಕಚ್ಚಿ ಹಿಡಿಯುವ ಅಟ್ಟೆಯ ಓಟದ ಶೂಗಳು ಇದಕ್ಕೆ ಆಗುವುದಿಲ್ಲ, ಪಾದ ನಿಂತು ಮೊಣಕಾಲು ಮಾತ್ರ ತಿರುಗಿಬಿಡುತ್ತದೆ. ಮೊಣಕಾಲಿನ ನೋವಿನಿಂದ ಹುಟ್ಟಿದ ವಿದ್ಯೆ ಮೊಣಕಾಲನ್ನು ಕಾಯಬೇಕು, ಕೆಡಿಸಬಾರದು.

ಕಲಿತದ್ದು ಕಾಲಿಗೆ ಇಳಿಯುವುದು ಪಾಠದ ಹೊತ್ತಿನಲ್ಲೇ ಅಲ್ಲ. ಕುಕ್ಕರ್ ಕೂಗಲು ಕಾಯುತ್ತ ಒಲೆಯ ಮುಂದೆ ನಿಂತಾಗ ಪಾದಗಳು ಸಣ್ಣಗೆ, ಅಂಗೈಯಷ್ಟು ಜಾಗದಲ್ಲಿ, ಮಾಂಬೊ ಹಾಕಿಕೊಳ್ಳುತ್ತಿರುತ್ತವೆ. ಬಸ್ ಸ್ಟಾಪಿನಲ್ಲೂ ಅಷ್ಟೇ, ಶೂಗಳ ಒಳಗೆ ಬೆರಳುಗಳು. ಹಿಂದಿನ ದಿನ ಎಷ್ಟು ತಿದ್ದಿದರೂ ಕೂಡದೆ ಉಳಿದ ಜಾಗ, ನಿದ್ದೆ ಮಾಡಿ ಎದ್ದ ಬೆಳಿಗ್ಗೆ ಸಲೀಸಾಗಿ ಕೂಡಿಬಿಡುವುದುಂಟು. ನನ್ನ ಮಗಳು ಪರೀಕ್ಷೆಗೆ ಓದುವಾಗ ಇದನ್ನೇ ಅವಳಿಗೆ ಹೇಳುತ್ತೇನೆ, ಅವಳಿಗೆ ನಂಬಿಕೆ ಬಂದಂತಿಲ್ಲ.

ಆದರೂ ಕಲಿತದ್ದು ನಿಜವೇ ಎಂದು ತಿಳಿಯುವುದು ಎಡಗಾಲಿನ ಸರದಿಯಲ್ಲೇ. ಬಲದಲ್ಲಿ ಕಣ್ಣಿಗೆ ಮೋಸ ಮಾಡಬಹುದು, ಪರದೆಯ ಮೇಲಿನವರನ್ನು ಅರೆ ಬಡಿತ ತಡವಾಗಿ ನಕಲು ಮಾಡುತ್ತ ಸಾಗಬಹುದು. ಎಡದಲ್ಲಿ ನಕಲಿಗೆ ಪುರಸೊತ್ತಿಲ್ಲ. ಭಾರ ಎಲ್ಲಿತ್ತು, ಯಾವುದು ಯಾವುದಕ್ಕೆ ದಾರಿ ಬಿಟ್ಟಿತ್ತು ಎಂದು ಗೊತ್ತಿದ್ದರೆ ಮಾತ್ರ ಕಾಲು ಮುಂದೆ ಹೋಗುತ್ತದೆ. ಅದಕ್ಕೇ ನಾನು ಹೊಸ ಸಾಲನ್ನು ಬಲದಲ್ಲಿ ಅಚ್ಚುಕಟ್ಟು ಮಾಡುತ್ತ ಕೂರುವುದಿಲ್ಲ. ಸುಮಾರಾಗಿ ಬಂದೊಡನೆ ಎಡಕ್ಕೆ ಹೋಗುತ್ತೇನೆ. ಎಡದಿಂದ ವಾಪಸು ಬಂದಾಗ ಬಲವೂ ತಿದ್ದಿಕೊಂಡಿರುತ್ತದೆ.

ಈಗ ನಾನು ಅಭ್ಯಾಸ ಮಾಡುತ್ತಿರುವುದರಲ್ಲಿ ಮೂರು ಸಾಲುಗಳಿವೆ, ಪ್ರತಿಯೊಂದೂ ಕಾಲು ಬದಲಿಸುವಂಥದು. ಒಂದೊಂದನ್ನೂ ಬೇರೆಬೇರೆಯಾಗಿ ಬಲ, ಎಡ ಎಂದು ಕಲಿಸಿ, ಕೊನೆಗೆ ಮೂರನ್ನೂ ಒಂದರ ಹಿಂದೆ ಒಂದು ಪೋಣಿಸುತ್ತಾರೆ. ಆಗ ಮೊದಲನೆಯದು ಬಲದಲ್ಲಿ, ಎರಡನೆಯದು ಎಡದಲ್ಲಿ, ಮೂರನೆಯದು ಬಲದಲ್ಲಿ ಬರುತ್ತದೆ. ಮೂರು ಮುಗಿದಾಗ ಸರದಿ ಎಡಕ್ಕೆ ಬಂದಿರುತ್ತದೆ, ಇಡೀ ಮಾಲೆ ಮಗುಚಿಕೊಂಡು ಎಡ, ಬಲ, ಎಡ ಎಂದು ಹೊರಡುತ್ತದೆ. ಸಾಲುಗಳು ನಾಲ್ಕಾಗಿದ್ದರೆ ಇದು ಆಗುತ್ತಿರಲಿಲ್ಲ, ನಾಲ್ಕರ ಕೊನೆಗೆ ಮತ್ತೆ ಬಲಗಾಲೇ ಬರುತ್ತಿತ್ತು. ಮೂರೇ ಯಾಕೆ ಎಂದು ಕಾಗದದ ಮೇಲೆ ಗೀಚಿ ನೋಡಿದಾಗ ಅದನ್ನು ಕಟ್ಟಿದವರ ಬಗ್ಗೆ ಗೌರವ ಉಕ್ಕಿಬಂತು. ಎರಡು ಬದಿಗೂ ಸೇರಿ 192 ಎಣಿಕೆ. ನಿಮಿಷಕ್ಕೆ 128ರ ವೇಗದಲ್ಲಿ ಸರಿಯಾಗಿ ಒಂದೂವರೆ ನಿಮಿಷ. ಒಂದು ತಾಸಿನ ಪಾಠವೆಲ್ಲ ಈ ಒಂದೂವರೆ ನಿಮಿಷಕ್ಕಾಗಿ. ನಡುವಿನ ಸಾಲಿನಲ್ಲಿ ಬೆನ್ನು ಪರದೆಯ ಕಡೆ ಇರುವಾಗ ಬರುವ ಒಂದು ಸುತ್ತಿದೆ. ಆ ನಾಲ್ಕು ಎಣಿಕೆ ಶಿಕ್ಷಕಿ ಕಾಣುವುದಿಲ್ಲ, ಎದುರಿಗೆ ಕಾಣುವುದು ದಿವಾನದ ಮೇಲಿನ ಅಮ್ಮ. ಅವರ ಕೈಯ ತಾಳ ನೋಡಿಕೊಂಡೇ ತಿರುಗುತ್ತೇನೆ. ಮುಂದಿನ ಸಮಕ್ಕೆ ಎಡಗಾಲು ಮಣೆಯ ಮೇಲಿರುತ್ತದೆ.