ಅಬ್ಬಾನ ವೈರು

ನನ್ನ ಅಬ್ಬಾಗೆ ನಾನು ಹೇಳಿದ ಸುಳ್ಳುಗಳಲ್ಲಿ ಅತ್ಯಂತ ದುಬಾರಿಯಾದದ್ದು 17,500 ರೂಪಾಯಿಯದು. 18,000 ರೂಪಾಯಿ ಕೊಟ್ಟು ತಂದ ಸ್ಪೀಕರ್ ಕೇಬಲ್ಲನ್ನು ಬೆರಳುಗಳ ನಡುವೆ ಹೊರಳಿಸಿ ನೋಡುತ್ತಾ ಅವರು "ಕಿತ್ತೇ ಕೂ ಲಾಯಾ?" ಎಂದು ಕೇಳಿದರು. ನಾನು 500 ಎಂದುಬಿಟ್ಟೆ.

ಅಬ್ಬಾ ಹರಿಹರದಲ್ಲಿ ಸುಮಾರು ನಲವತ್ತು ವರ್ಷ ಮೈಕ್ ಸೆಟ್ ಬಾಡಿಗೆಗೆ ಕೊಡುತ್ತಿದ್ದವರು. ಎರಡು ಅಹುಜಾ ಆಂಪ್ಲಿಫೈಯರ್, ಆರು ಹಾರ್ನ್, ಒಂದು ರೆಕಾರ್ಡ್ ಪ್ಲೇಯರ್, ಆಮೇಲೆ ಬಂದ ಕ್ಯಾಸೆಟ್ ಡೆಕ್ಕು, ಒಂದು ತಳ್ಳುಗಾಡಿ, ಇಷ್ಟೇ ಬಂಡವಾಳ. ಉರುಸಿಗೆ ಕವ್ವಾಲಿ, ಗಣಪತಿ ಪೆಂಡಾಲಿಗೆ ಪಿ.ಬಿ. ಶ್ರೀನಿವಾಸ್, ನವೆಂಬರಿನಲ್ಲಿ ರಾಜ್ಯೋತ್ಸವ, ಚುನಾವಣೆ ಬಂದರೆ ಎಲ್ಲ ಪಕ್ಷದವರ ಭಾಷಣ. ಸಂಗೀತ ಹಲಾಲೋ ಹರಾಮೋ ಎಂದು ವಾದಕ್ಕೆ ಬಂದ ಹುಡುಗರಿಗೆ ಅವರು, "ಜಲಸಾಕ್ಕೂ ನನ್ನದೇ ಮೈಕು, ಕವ್ವಾಲಿಗೂ ನನ್ನದೇ ಮೈಕು, ಬಾಡಿಗೆ ಮಾತ್ರ ಒಂದೇ" ಎನ್ನುತ್ತಿದ್ದರು. ವೈರಿನ ತುದಿಯನ್ನು ಹಲ್ಲಿನಿಂದ ಕಚ್ಚಿ ಸುಲಿಯುವುದು, ಕತ್ತಲಲ್ಲಿ ಬರೀ ಬೆರಳಾಡಿಸಿ ಒಳಗೆ ತುಂಡಾದ ಜಾಗ ಹಿಡಿಯುವುದು, ಕೆಲಸ ಮುಗಿದ ಮೇಲೆ ಅಂಗೈಯಿಂದ ಮೊಣಕೈಗೆ ಸುತ್ತಿ ಸಿಂಬೆ ಮಾಡುವುದು, ಇವೆಲ್ಲ ನಾನು ನೋಡುತ್ತ ಬೆಳೆದ ಕಸುಬು. ಕಾಲೇಜಿನಲ್ಲಿ ಗೆಳೆಯರು ಕೇಳಿದರೆ ಮಾತ್ರ ಅಬ್ಬಾ ಎಲೆಕ್ಟ್ರಾನಿಕ್ಸ್ ವ್ಯಾಪಾರದಲ್ಲಿದ್ದಾರೆ ಎಂದು ಹೇಳುತ್ತಿದ್ದೆ. ವೈರಿನ ವಿಷಯದಲ್ಲಿ ನನ್ನ ಮೊದಲ ಸುಳ್ಳು ಅದು.

ಅಮ್ಮಿ ತೀರಿಕೊಂಡ ಮೇಲೆ ಅಬ್ಬಾ ಬೆಂಗಳೂರಿಗೆ ನಮ್ಮ ಮನೆಗೆ ಬಂದರು. ವಯಸ್ಸು 78. ಹಾರ್ನುಗಳ ಬುಡದಲ್ಲೇ ಬದುಕಿದ್ದರಿಂದಲೋ ಏನೋ ಎಡಗಿವಿ ಮಂದ. ದಿನವಿಡೀ ಸುಮ್ಮನೆ ಕುಳಿತಿರುತ್ತಿದ್ದರು. ಒಂದು ಒಳ್ಳೆಯ ಸ್ಟೀರಿಯೋ ತರೋಣ ಎಂದು ನನಗನ್ನಿಸಿತು. ನನ್ನ ಆಸೆಯೂ ಅದರಲ್ಲಿ ಸೇರಿತ್ತು ಎನ್ನದಿದ್ದರೆ ಇದು ಮೂರನೆಯ ಸುಳ್ಳಾಗುತ್ತದೆ. ಆಂಪ್ಲಿಫೈಯರ್ ಮತ್ತು ಎರಡು ಸ್ಪೀಕರ್ ಸೇರಿ 90,000 ರೂಪಾಯಿ. ಬಿಲ್ ಬರೆಯುವ ಮೊದಲು ಅಂಗಡಿಯ ಯುವಕ, "ಕೇಬಲ್ ಯಾವುದು ಹಾಕ್ತೀರಿ ಸಾರ್?" ಎಂದ. ಸಿಸ್ಟಮ್ಮಿನ ಬೆಲೆಯಲ್ಲಿ ನೂರಕ್ಕೆ ಹತ್ತರಿಂದ ಇಪ್ಪತ್ತು ಭಾಗ ಕೇಬಲ್ಲಿಗೆ ಇಡಬೇಕಂತೆ.

ಆ ಕೇಬಲ್ ಹೆಬ್ಬೆರಳಿನಷ್ಟು ದಪ್ಪ. ಮೇಲೆ ಕಪ್ಪು ನೈಲಾನಿನ ಹೆಣಿಗೆ, ತುದಿಗೆ ಚಿನ್ನದ ಲೇಪದ ಪ್ಲಗ್ಗು, ಮೈಮೇಲೆ ಬಾಣದ ಗುರುತು. ಬಾಣ ಸ್ಪೀಕರಿನ ಕಡೆಗೇ ಇರಬೇಕು. 150 ಗಂಟೆ ನುಡಿಸಿದ ಮೇಲೆಯೇ ಅದರ ನಿಜವಾದ ಗುಣ ತಿಳಿಯುವುದು. ಒಳಗೆ ಏನಿದೆ ಎಂದು ಬಿಚ್ಚಿ ನೋಡುವಂತಿಲ್ಲ. ನಮ್ಮೂರಿನ ಆಮಿಲ್ ಸಾಹೇಬರು ತಾವೀಜು ಕೊಡುವಾಗ ಹೇಳುತ್ತಿದ್ದದ್ದೂ ಹೆಚ್ಚೂಕಡಿಮೆ ಇದನ್ನೇ: ಇಂಥ ದಿಕ್ಕಿಗೆ ಕಟ್ಟಬೇಕು, ಏಳು ಗುರುವಾರ ಕಾಯಬೇಕು, ಬಿಚ್ಚಬಾರದು. ಅವರನ್ನು ನೋಡಿ ನಗುತ್ತಿದ್ದ ನಾನು ಅಂದು ಎರಡು ಮಾತಾಡದೆ ಕಾರ್ಡ್ ಕೊಟ್ಟೆ. ಒಂದೊಂದು ಸ್ಪೀಕರಿಗೆ ಮೂರು ಮೀಟರಿನಂತೆ ಒಟ್ಟು ಆರು ಮೀಟರ್.

ಮನೆಯಲ್ಲಿ ಜೋಡಣೆಯನ್ನು ಅಬ್ಬಾ ನನ್ನ ಕೈಗೆ ಬಿಡಲಿಲ್ಲ. ಗೋಡೆ ಗಡಿಯಾರದಿಂದ ಒಂದೂವರೆ ವೋಲ್ಟಿನ ಸೆಲ್ ಕಿತ್ತು ವೈರಿನ ತುದಿಗೆ ಮುಟ್ಟಿಸಿ, ಸ್ಪೀಕರಿನ ಕೋನ್ ಮುಂದಕ್ಕೆ ಜಿಗಿಯುತ್ತದೋ ಹಿಂದಕ್ಕೋ ಎಂದು ನೋಡಿ ಪ್ಲಸ್ಸು ಮೈನಸ್ಸು ಗೊತ್ತು ಮಾಡಿಕೊಂಡರು. ಅದು ಹಳೆಯ ಕಾಲದ ಖಾತ್ರಿ ಪರೀಕ್ಷೆ. ಎರಡು ಸ್ಪೀಕರುಗಳಲ್ಲಿ ಒಂದು ಉಲ್ಟಾ ಆದರೆ ತಗ್ಗಿನ ಸ್ವರಗಳು ಒಂದನ್ನೊಂದು ತಿಂದುಹಾಕುತ್ತವೆ. ಮೂರು ವಾರ ಮೆಹದಿ ಹಸನ್, ಬೇಗಂ ಅಖ್ತರ್, ಮಲ್ಲಿಕಾರ್ಜುನ ಮನ್ಸೂರ್ ಎಲ್ಲರೂ ನಮ್ಮ ಮನೆಗೆ ಬಂದು ಹೋದರು. ನಾನು ಬಂದವರಿಗೆಲ್ಲ ಕೇಬಲ್ಲಿನ ಮಹಿಮೆ ಹೇಳಿದೆ.

ಸುಳ್ಳು ಕಾಲು ಚಾಚಿದ್ದು ಆಮೇಲೆ. ಊರಿನ ಮಸೀದಿಯ ಒಳಗಿನ ಸ್ಪೀಕರುಗಳ ವೈರನ್ನು ಇಲಿ ಕಡಿದಿದೆ ಎಂದು ಫೋನ್ ಬಂತು. ಅಬ್ಬಾ ಬಹಳ ಉಲ್ಲಾಸದಿಂದ, "ಇದೇ ವೈರು 40 ಮೀಟರ್ ತಂದುಕೊಡು, ನನ್ನ ಕಡೆಯಿಂದ ಮಸೀದಿಗೆ ಇರಲಿ" ಎಂದು ದಿಂಬಿನ ಕೆಳಗಿನಿಂದ 3,500 ರೂಪಾಯಿ ತೆಗೆದು ಕೊಟ್ಟರು. ನನ್ನ ಲೆಕ್ಕದ ಪ್ರಕಾರ ಅವರ ಎಣಿಕೆ ಸರಿಯಾಗಿಯೇ ಇತ್ತು. ನಿಜವಾದ ಬೆಲೆ 1 ಲಕ್ಷ 20 ಸಾವಿರ.

ಆ ರಾತ್ರಿ ನಾನು ಕೊಳ್ಳುವ ಮೊದಲು ಓದಬೇಕಾಗಿದ್ದನ್ನೆಲ್ಲ ಕುಳಿತು ಓದಿದೆ. 1970ರ ದಶಕದವರೆಗೆ ಅಮೆರಿಕದಲ್ಲಿಯೂ ಜನ ಮೇಜಿನ ದೀಪಕ್ಕೆ ಹಾಕುವ ಸಾಮಾನ್ಯ ವೈರನ್ನೇ ಸ್ಪೀಕರಿಗೂ ಹಾಕುತ್ತಿದ್ದರು. ಆ ದಶಕದ ಕೊನೆಯಲ್ಲಿ ನೋಯೆಲ್ ಲೀ ಎಂಬ ಎಂಜಿನಿಯರ್ ಮಾನ್‌ಸ್ಟರ್ ಕೇಬಲ್ ಎಂಬ ದಪ್ಪ ವೈರನ್ನು ಮಾರುಕಟ್ಟೆಗೆ ತಂದ ಮೇಲೆ ಇದೊಂದು ಬೇರೆಯೇ ವ್ಯಾಪಾರವಾಯಿತು. 1983ರಲ್ಲಿ 'ಸ್ಟೀರಿಯೋ ರಿವ್ಯೂ' ಪತ್ರಿಕೆ ಕೇಳುಗರಿಗೆ ಹೆಸರು ಹೇಳದೆ ಕೇಬಲ್ಲುಗಳ ಪರೀಕ್ಷೆ ನಡೆಸಿತು. ತೀರಾ ತೆಳುವಾದ ವೈರನ್ನು ಕೆಲವೊಮ್ಮೆ ಗುರುತಿಸಿದವರಿಗೂ ಸಂಗೀತ ನುಡಿಯುವಾಗ ದಪ್ಪ ದೀಪದ ವೈರು ಯಾವುದು, ದುಬಾರಿಯದು ಯಾವುದು ಎಂದು ಹೇಳಲಾಗಲಿಲ್ಲ. 2007ರಲ್ಲಿ ಜಾದೂಗಾರ ಜೇಮ್ಸ್ ರ‍್ಯಾಂಡಿ, 7,250 ಡಾಲರಿನ ಒಂದು ಕೇಬಲ್ ಜೋಡಿಯನ್ನು ಕಣ್ಣು ಮುಚ್ಚಿ ಗುರುತಿಸಿದವರಿಗೆ 10 ಲಕ್ಷ ಡಾಲರ್ ಕೊಡುವೆನೆಂದ. ಆ ಪರೀಕ್ಷೆ ನಡೆಯಲೇ ಇಲ್ಲ.

ಲೆಕ್ಕ ಸರಳವಾಗಿದೆ. ಎರಡೂವರೆ ಚದರ ಮಿಲಿಮೀಟರಿನ ಸಾಮಾನ್ಯ ತಾಮ್ರದ ವೈರಿಗೆ ಮೂರು ಮೀಟರ್ ಹೋಗಿ ಮೂರು ಮೀಟರ್ ಬರುವಷ್ಟರಲ್ಲಿ ತಡೆ ಸುಮಾರು 0.04 ಓಮ್. ಸ್ಪೀಕರಿನದು 8 ಓಮ್. ಅಂದರೆ ದಾರಿಯಲ್ಲಿ ಕಳೆದುಹೋಗುವುದು ಇನ್ನೂರರಲ್ಲಿ ಒಂದು ಪಾಲು. ಬೆಳ್ಳಿಯ ವೈರು ತಾಮ್ರಕ್ಕಿಂತ ಉತ್ತಮ ನಿಜ, ಆದರೆ ನೂರಕ್ಕೆ ಆರರಷ್ಟು ಮಾತ್ರ. ಅಷ್ಟೇ ಲಾಭ ವೈರನ್ನು ತುಸು ದಪ್ಪ ಮಾಡಿದರೆ ಸಿಗುತ್ತದೆ. ಇನ್ನು ಆ ಬಾಣ. ಸ್ಪೀಕರಿನ ವೈರಿನಲ್ಲಿ ವಿದ್ಯುತ್ತು ಕ್ಷಣಕ್ಕೆ ನೂರಾರು, ಸಾವಿರಾರು ಸಲ ಆಚೆಗೂ ಈಚೆಗೂ ಓಡಾಡುತ್ತಿರುತ್ತದೆ. ಅದಕ್ಕೆ ಒಮ್ಮುಖ ರಸ್ತೆಯ ಬೋರ್ಡು ಯಾಕೆ?

ಬೆಳಿಗ್ಗೆ ಎಸ್.ಪಿ. ರೋಡಿಗೆ ಹೋಗಿ ಮೀಟರಿಗೆ 90 ರೂಪಾಯಿಯಂತೆ 46 ಮೀಟರ್ ತಾಮ್ರದ ವೈರು ತಂದೆ. ಅಬ್ಬಾನ ಮುಂದಿಟ್ಟು, "ಅದೇ ವೈರು, ಅಂಗಿ ತೊಡಿಸಿಲ್ಲ ಅಷ್ಟೆ" ಎಂದೆ. ಅವರು ತುದಿ ಸುಲಿಯಲು ಬಾಯಿಯವರೆಗೆ ಒಯ್ದು, ಕಟ್ಟಿಸಿದ ಹಲ್ಲು ಎಂಬುದು ನೆನಪಾಗಿ ಬ್ಲೇಡು ಕೇಳಿದರು. ಎಳೆಗಳನ್ನು ಹೊಸೆದು ನೋಡಿದರು. ಒಂದೆಳೆಯನ್ನು ಬ್ಲೇಡಿನಿಂದ ಕೆರೆದು ಬೆಳಕಿಗೆ ಹಿಡಿದರು. ಈಚೆಗೆ ಅಲ್ಯೂಮಿನಿಯಂ ಎಳೆಗೆ ತಾಮ್ರದ ಲೇಪ ಕೊಟ್ಟು ತಾಮ್ರವೆಂದೇ ಮಾರುವವರಿದ್ದಾರೆ. ಕೆರೆದರೆ ಒಳಗೆ ಬೆಳ್ಳಗೆ ಕಾಣುತ್ತದೆ. ಅದರ ತಡೆ ತಾಮ್ರದ ಒಂದೂವರೆ ಪಟ್ಟು. ವೈರಿನಲ್ಲಿ ನಿಜವಾದ ಮೋಸ ಅಂದರೆ ಅದು. ಇದು ಒಳಗೂ ಕೆಂಪಗಿತ್ತು.

"ಮಾಲು ಒಳ್ಳೆಯದು," ಎಂದರು. ಆಮೇಲೆ, "ಲೇಕಿನ್ ಯೇ ವೋ ವೈರ್ ನೈ."

ಹೇಳಿಬಿಟ್ಟೆ. ಇಸ್ರಾಫ್, ದುಂದು ಎಂದು ಬೈಯುತ್ತಾರೆಂದುಕೊಂಡಿದ್ದೆ. ನಮ್ಮ ಮನೆಯಲ್ಲಿ ಅನ್ನದ ಅಗುಳು ಚೆಲ್ಲಿದರೂ ಆ ಮಾತು ಬರುತ್ತಿತ್ತು. ಅವರು ಬೈಯಲಿಲ್ಲ. ಬಹಳ ಹೊತ್ತು ವೈರಿನ ಎಳೆಗಳನ್ನು ಮತ್ತೆ ಮೊದಲಿನಂತೆ ಹೊಸೆಯುತ್ತ ಕುಳಿತಿದ್ದು, "ವೈರು ಯಾವುದು ತರಲಿ ಅಂತ ನನ್ನನ್ನೇ ಒಂದು ಮಾತು ಕೇಳಬಹುದಿತ್ತಲ್ಲ" ಎಂದರು.

ಅದು ನನಗೆ ಹೊಳೆದೇ ಇರಲಿಲ್ಲ. ಅಂಗಡಿಯಲ್ಲಿ ನಿಂತಾಗಲೂ, ರಾತ್ರಿಯಿಡೀ ಓದುವಾಗಲೂ, ಪಕ್ಕದ ಕೋಣೆಯಲ್ಲಿ ನಲವತ್ತು ವರ್ಷ ವೈರು ಎಳೆದ ಮನುಷ್ಯ ಮಲಗಿದ್ದಾನೆ ಎಂಬುದು ನನ್ನ ತಲೆಗೆ ಬಂದಿರಲಿಲ್ಲ.

ಅಂದು ಕೇಳಿದೆ. ಊರ ಬಸ್ ಸ್ಟ್ಯಾಂಡಿನಿಂದ ಹೊಳೆ ದಂಡೆಯವರೆಗೆ ಅಷ್ಟು ತೆಳು ವೈರಿನಲ್ಲಿ ಹಾರ್ನು ಹೇಗೆ ಕೂಗಿಸುತ್ತಿದ್ದಿರಿ ಎಂದೆ. ಆಂಪ್ಲಿಫೈಯರಿನ ಹಿಂಬದಿಯ 100 ವೋಲ್ಟ್ ಲೈನಿಗೆ ವೈರು ಕೊಟ್ಟು, ಹಾರ್ನಿನ ಬಳಿ ಚಿಕ್ಕ ಟ್ರಾನ್ಸ್‌ಫಾರ್ಮರ್ ಹಾಕುತ್ತಿದ್ದರಂತೆ. 100 ವ್ಯಾಟ್ ಶಬ್ದವನ್ನು ನೇರವಾಗಿ 8 ಓಮ್ ಸ್ಪೀಕರಿಗೆ ಕಳಿಸಿದರೆ ವೈರಿನಲ್ಲಿ ಮೂರೂವರೆ ಆಂಪಿಯರ್ ಹರಿಯಬೇಕು. 100 ವೋಲ್ಟಿನಲ್ಲಿ ಒಂದೇ ಆಂಪಿಯರ್ ಸಾಕು. ವೈರಿನಲ್ಲಿ ಆಗುವ ನಷ್ಟ ಹನ್ನೆರಡರಲ್ಲಿ ಒಂದು ಪಾಲಿಗೆ ಇಳಿಯುತ್ತದೆ. 1902ರಲ್ಲಿ ಶಿವನಸಮುದ್ರದಿಂದ ಸುಮಾರು 147 ಕಿ.ಮೀ. ದೂರದ ಕೋಲಾರ ಚಿನ್ನದ ಗಣಿಗೆ ವಿದ್ಯುತ್ ಒಯ್ದದ್ದೂ ಇದೇ ಉಪಾಯದಿಂದ. ಅಬ್ಬಾ ಓದಿದ್ದು ಉರ್ದು ನಾಲ್ಕನೆಯ ಕ್ಲಾಸು. "ಜೋರು ಹೆಚ್ಚು ಮಾಡು, ಭಾರ ಕಡಿಮೆ ಮಾಡು, ದೂರ ಹೋಗುತ್ತೆ" ಎಂದು ಅವರು ಹೇಳಿದ್ದನ್ನು ನಾನು ಲೆಕ್ಕ ಹಾಕಿ ನೋಡಿಕೊಂಡದ್ದು ಆಮೇಲೆ.

ಪರೀಕ್ಷೆ ಮಾಡೋಣ ಎಂದದ್ದು ನನ್ನ ಮಗ. ನಾನು ಗೋಡೆಗೆ ಮುಖ ಮಾಡಿ ಕುಳಿತೆ. ಅವನು ನಾಣ್ಯ ಚಿಮ್ಮಿ, ಬಿದ್ದಂತೆ ಒಂದೊಂದು ವೈರು ಸಿಕ್ಕಿಸಿ, ನೋಟ್‌ಬುಕ್ಕಿನಲ್ಲಿ ಬರೆದುಕೊಳ್ಳುತ್ತಿದ್ದ. ವಾಲ್ಯೂಮಿನ ಗುಂಡಿಯನ್ನು ಯಾರೂ ಮುಟ್ಟದಂತೆ ಅಬ್ಬಾ ಕಾವಲು. ಒಂದೇ ಗಜಲು ಹತ್ತು ಸಲ. ನಾನು ಸರಿಯಾಗಿ ಹೇಳಿದ್ದು ಆರು. ನನಗೆ ಹಿಗ್ಗಾಯಿತು. ಮಗ ಅವನ ಗಣಿತದ ಪುಸ್ತಕ ತಂದು, ಏನೂ ಕೇಳದೆ ಬರೀ ನಾಣ್ಯ ಚಿಮ್ಮಿ ಹೇಳಿದರೂ ಹತ್ತಕ್ಕೆ ಆರು ಅಥವಾ ಅದಕ್ಕಿಂತ ಹೆಚ್ಚು ಸರಿಯಾಗುವ ಸಂಭವ ನೂರಕ್ಕೆ 38 ಇದೆ ಎಂದು ತೋರಿಸಿದ. ವೈರು ಬದಲಿಸಲು ಪ್ರತಿ ಸಲವೂ ಎರಡು ನಿಮಿಷ ಹಿಡಿಯುತ್ತಿತ್ತು, ಅಷ್ಟರಲ್ಲಿ ಕಿವಿ ಮರೆತುಬಿಡುತ್ತದೆ ಎಂದು ನಾನು ವಾದಿಸಿದೆ. ಅದರಲ್ಲಿ ಸ್ವಲ್ಪ ನಿಜವೂ ಇದೆ. ಆದರೆ ಅದೇ ಹೊತ್ತಿಗೆ ಇನ್ನೊಂದು ಸಂಗತಿ ಬಯಲಾಯಿತು. ಎಡಗಡೆಯ ಕೇಬಲ್ಲನ್ನು ಅಬ್ಬಾ ಮೂರು ವಾರದ ಹಿಂದೆಯೇ ಬಾಣ ಹಿಂದುಮುಂದಾಗಿ ಸಿಕ್ಕಿಸಿದ್ದರು. ಅಷ್ಟು ದಿನವೂ ನಾನು ಹೊಗಳಿದ್ದು ಅದನ್ನೇ.

ಈಗ ಎಸ್.ಪಿ. ರೋಡಿನ ಆರು ಮೀಟರಿನಲ್ಲಿಯೇ ಮೆಹದಿ ಹಸನ್ ಹಾಡುತ್ತಿದ್ದಾರೆ. 40 ಮೀಟರನ್ನು ಹರಿಹರದ ಬಸ್ಸಿಗೆ ಹಾಕಿದ ದಿನ ಅಬ್ಬಾ ಫೋನಿನಲ್ಲಿ ಮಸೀದಿಯ ಹುಡುಗನಿಗೆ ಯಾವ ತಂತಿ ಎಲ್ಲಿಗೆ ಎಂದು ಅರ್ಧ ಗಂಟೆ ಹೇಳಿದರು. ದುಬಾರಿ ಕೇಬಲ್ಲನ್ನು ಅಂಗಡಿಯವರು ವಾಪಸ್ಸು ತೆಗೆದುಕೊಳ್ಳಲಿಲ್ಲ. ಅಬ್ಬಾ ಅದನ್ನು ತಮ್ಮ ಅಭ್ಯಾಸದಂತೆ ಮೊಣಕೈಗೆ ಸುತ್ತಿಡಲು ನೋಡಿದರು. ಅದು ಬಗ್ಗಲಿಲ್ಲ. ಎರಡು ಸಲ ಪ್ರಯತ್ನಿಸಿ, "ಇದು ಕೆಲಸದ ವೈರಲ್ಲ" ಎಂದು ಬೀರುವಿನ ಮೇಲಿಟ್ಟು, ಕೈತೊಳೆಯಲು ಹೋದರು.